ಮಲೆನಾಡಿನ ಮಣ್ಣುದಾರಿಗಳಲ್ಲಿ ಸೈಕಲ್ ಸವಾರಿ

(ಸಂಘದ ಸಂಸ್ಥಾಪನಾ ದಿನೋತ್ಸವದ ಅಂಗವಾಗಿ ನಡೆದ ರಜಾಕಾಲದ ಅನುಭವಗಳ ಗೋಷ್ಠಿಯಲ್ಲಿ ಮಾಡಿದ ಭಾಷಣದ ಪಠ್ಯ)



ಈ ಮಾತುಗಳನ್ನು ನಾವು ಗಂಡಹೆಂಡಿರಿಬ್ಬರೂ ಕೂಡಿ ಬರೆದದ್ದು. ಓದುವವರು ಒಬ್ಬರು, ತಪ್ಪಿದಲ್ಲಿ ತಿದ್ದಲು ಮುಂದಿನ ಸಾಲಿನಲ್ಲಿ ಕುಳಿತವರು ಇನ್ನೊಬ್ಬರು. ಆದ್ದರಿಂದ ಉದ್ದಕ್ಕೂ ‘ನಾವು’ ಎಂದೇ ಹೇಳುತ್ತೇವೆ.

ನಮ್ಮೆಲ್ಲರ ರಜೆ ಹೇಗೆ ಕಳೆಯುತ್ತದೆಂಬುದು ನಿಮಗೆ ಗೊತ್ತೇ ಇದೆ. ಮಂಗಳೂರಿನಲ್ಲಿ ಇಳಿಯುವುದು, ಎರಡು ಮದುವೆ, ಒಂದು ಗೃಹಪ್ರವೇಶ, ಬ್ಯಾಂಕಿನ ಕೆಲಸ, ದಂತವೈದ್ಯರು, ಸೀರೆ ಅಂಗಡಿ. ಮತ್ತೆ ಪೆಟ್ಟಿಗೆಗೆ ಹಗ್ಗ ಬಿಗಿಯುವುದು. ಮಕ್ಕಳು ಕಾರಿನ ಕಿಟಕಿಯಿಂದ ಕಂಡದ್ದೇ ಕರ್ನಾಟಕ. 2024ರ ಡಿಸೆಂಬರಿನಲ್ಲಿ ನಾವು ನಾಲ್ವರೂ, ಅಂದರೆ ನಾವಿಬ್ಬರು, ಹದಿನಾಲ್ಕರ ಮಗಳು ಮತ್ತು ಹನ್ನೊಂದರ ಮಗ, ಆ ರಜೆಯಿಂದ ನಾಲ್ಕು ದಿನ ಕದ್ದು ಕೊಲ್ಲೂರಿನಿಂದ ಘಟ್ಟ ಹತ್ತಿ ಆಗುಂಬೆಯಲ್ಲಿ ಇಳಿದೆವು. ಸೈಕಲ್ಲಿನಲ್ಲಿ.

ಯಾವ ಸೈಕಲ್ಲು ಎಂದು ಕೇಳುವವರಿಗಾಗಿ ಎರಡು ಮಾತು. ಈಚಿನ ವರ್ಷಗಳಲ್ಲಿ ಲೋಕದಲ್ಲೆಲ್ಲ ‘ಗ್ರಾವೆಲ್ ಬೈಕ್’ ಎಂಬುದರ ಹುಚ್ಚು ಹರಡಿದೆ. ಜಲ್ಲಿ, ಮಣ್ಣು, ಎತ್ತಿನ ಗಾಡಿಯ ಜಾಡು ಇಂಥಲ್ಲಿ ಹೋಗುವುದಕ್ಕೆಂದೇ ಮಾಡಿದ ಸೈಕಲ್ಲು ಅದು. ರೇಸಿನ ಸೈಕಲ್ಲಿನಂತೆ ಬಾಗಿದ ಹ್ಯಾಂಡಲ್ಲು, ಆದರೆ ಟೈರು ದಪ್ಪ, 40 ಮಿಲಿಮೀಟರಿನ ಆಸುಪಾಸು. ಗಾಳಿ ಸ್ವಲ್ಪ ಕಡಿಮೆ ಹಾಕಬೇಕು. ಆಗ ಚಕ್ರ ಕಲ್ಲಿನ ಮೇಲೆ ಪುಟಿಯದೆ ಕಲ್ಲನ್ನು ತಬ್ಬಿಕೊಂಡು ಹೋಗುತ್ತದೆ. ಏರು ಹತ್ತಲು ಹಗುರಾದ ಗೇರುಗಳಿರುತ್ತವೆ. ಅಮೆರಿಕದ ಕಾನ್ಸಾಸ್ ರಾಜ್ಯದ ಎಂಪೋರಿಯಾದಲ್ಲಿ 2006ರಲ್ಲಿ ಆರಂಭವಾದ ಜಲ್ಲಿದಾರಿಯ ಪಂದ್ಯ ಈಗ ಬಹು ದೊಡ್ಡದಾಗಿ ಬೆಳೆದಿದೆ. 2022ರಲ್ಲಿ ಇಟಲಿಯಲ್ಲಿ ಇದರ ವಿಶ್ವ ಚಾಂಪಿಯನ್‌ಷಿಪ್ ಕೂಡ ಶುರುವಾಯಿತು. ನಮ್ಮಲ್ಲಿ ಅಂಥ ಸೈಕಲ್ಲು ಎರಡು ಮಾತ್ರ. ಮಕ್ಕಳಿಗೆ ಸಾಧಾರಣ ಗುಡ್ಡಗಾಡಿನ ಸೈಕಲ್ಲೇ. ಯಾವ ತೊಂದರೆಯೂ ಆಗಲಿಲ್ಲ. ಆದ್ದರಿಂದ ಬೆಲೆ ಕೇಳಿ ಹೆದರಬೇಡಿ.

ತಾಲೀಮು ನಡೆದದ್ದು ಇಲ್ಲೇ, ಈ ದ್ವೀಪದಲ್ಲೇ. ಶುಕ್ರವಾರ ಬೆಳಗಿನ ಜಾವ, ನೀವೆಲ್ಲ ಸುಖನಿದ್ರೆಯಲ್ಲಿರುವಾಗ, ಸಖೀರಿನ ಮರಳುಗಾಡಿನ ಜಲ್ಲಿದಾರಿಗಳಲ್ಲಿ ನಾವು ಬೆವರು ಸುರಿಸುತ್ತಿದ್ದೆವು. ದುಖಾನ್ ಬೆಟ್ಟದ ಬುಡದಲ್ಲಿ 1932ರಲ್ಲಿ ಎಣ್ಣೆ ಚಿಮ್ಮಿದ ಮೊದಲ ಬಾವಿ ಇದೆಯಲ್ಲ, ನಾವೆಲ್ಲ ಇಲ್ಲಿಗೆ ಬಂದು ಸೇರಲು ಮೂಲ ಕಾರಣವಾದ ಬಾವಿ, ಅಲ್ಲಿಂದ ಮರಳಿನ ನಡುವೆ ಒಂಟಿಯಾಗಿ ನಿಂತ ‘ಜೀವವೃಕ್ಷ’ದವರೆಗೆ ಹೋಗಿ ಬರುವುದು. ಕೆಲವು ವಾರ ಆಲಿಯ ಕಡೆಗೆ. ಅಲ್ಲಿ 2019ರಲ್ಲಿ ಯುನೆಸ್ಕೋ ಪಟ್ಟಿಗೆ ಸೇರಿದ ದಿಲ್ಮುನ್ ಕಾಲದ ಸಮಾಧಿ ದಿಬ್ಬಗಳ ಪಕ್ಕದಲ್ಲೇ ಕುಂಬಾರರು ಇಂದಿಗೂ ಚಕ್ರ ತಿರುಗಿಸುತ್ತಾರೆ. ಹದಿನೆಂಟು ವರ್ಷ ಇಲ್ಲಿ ಕಾರಿನಲ್ಲಿ ಓಡಾಡಿದ ನಮಗೆ ಆಲಿಯ ಕುಂಬಾರರೊಬ್ಬರು ಕೈಸನ್ನೆ ಮಾಡಿ ಕರೆದು ಚಹಾ ಕೊಟ್ಟದ್ದು ಸೈಕಲ್ಲಿನಲ್ಲಿ ಹೋದ ಎರಡನೆಯ ವಾರವೇ. ಕಾರಿನಲ್ಲಿ ಹೋಗುವವನನ್ನು ಯಾರೂ ಚಹಾಕ್ಕೆ ಕರೆಯುವುದಿಲ್ಲ.

ಆದರೆ ಬಹ್ರೇನಿನಲ್ಲಿ ಏರು ಎಲ್ಲಿದೆ? ಅತಿ ಎತ್ತರದ ದುಖಾನ್ ಬೆಟ್ಟವೇ 134 ಮೀಟರು. ಕೊಡಚಾದ್ರಿ 1,343 ಮೀಟರು. ಹತ್ತು ದುಖಾನುಗಳನ್ನು ಒಂದರ ಮೇಲೊಂದು ಪೇರಿಸಿದರೂ ಕೊಡಚಾದ್ರಿ ಮೂರು ಮೀಟರು ಮೇಲೇ ಉಳಿಯುತ್ತದೆ. ಈ ಲೆಕ್ಕ ನಮ್ಮ ಮಗನದು. ಕೊಲ್ಲೂರು ಘಾಟಿಯ ಮೂರನೆಯ ತಿರುವಿನಲ್ಲಿ ಸೈಕಲ್ಲು ತಳ್ಳುತ್ತ ನಿಂತಾಗ ಅವನು ಇದನ್ನು ನೆನಪಿಸಿದ. ನಮಗೆ ನಗು ಬರಲಿಲ್ಲ.

ದಾರಿ ಹೀಗಿತ್ತು. ಕೊಲ್ಲೂರಿನಿಂದ ನಾಗೋಡಿ ಮೇಲೆ ನಿಟ್ಟೂರು, ಅಲ್ಲಿಂದ ಸಂಪೆಕಟ್ಟೆ, ನಗರ, ಕವಲೇದುರ್ಗ, ತೀರ್ಥಹಳ್ಳಿ, ಕುಪ್ಪಳಿ, ಕೊನೆಗೆ ಆಗುಂಬೆ, ಸೋಮೇಶ್ವರ. ದಿನಕ್ಕೆ ಮೂವತ್ತು ಮೂವತ್ತೈದು ಕಿಲೋಮೀಟರು. ಮುಖ್ಯರಸ್ತೆಗೆಲ್ಲ ಡಾಂಬರಿದೆ. ನಾವು ಬೇಕೆಂದೇ ಅದನ್ನು ಬಿಟ್ಟು ಊರಿಂದ ಊರಿಗೆ ಹೋಗುವ ಒಳದಾರಿ ಹಿಡಿದೆವು. ಕಾಡಿನೊಳಗಿನ ಅಪ್ಪಣೆಯಿಲ್ಲದ ಜಾಡುಗಳಿಗೆ ನುಗ್ಗಲಿಲ್ಲ. ಕೊಡಚಾದ್ರಿಗೆ ಸೈಕಲ್ಲು ಕೆಳಗೇ ಬಿಟ್ಟು ಜೀಪು ಹತ್ತಿದೆವು. ಸೊಂಟದ ಮಟ್ಟಿಗೆ ಸೈಕಲ್ಲೇ ವಾಸಿ.

ಮಲೆನಾಡಿನ ಹಳ್ಳಿಯೆಂದರೆ ಬಯಲುಸೀಮೆಯ ಹಾಗೆ ಮನೆಗೆ ಮನೆ ಅಂಟಿದ ಊರಲ್ಲ ಎಂಬುದನ್ನು ಮಕ್ಕಳಿಗೆ ಹೇಳಿ ತಿಳಿಸುವುದು ಕಷ್ಟ. ಒಂದು ಕಣಿವೆ, ಕೆಳಗೆ ಗದ್ದೆ, ಪಕ್ಕದಲ್ಲಿ ಅಡಿಕೆ ತೋಟ, ಮೇಲೆ ಸೊಪ್ಪಿನ ಬೆಟ್ಟ, ನಡುವೆ ಒಂದೇ ಒಂದು ಹಂಚಿನ ಮನೆ. ಮುಂದಿನ ಮನೆ ಇನ್ನೊಂದು ಕಣಿವೆಯಲ್ಲಿ. ಎರಡರ ನಡುವೆ ಜಂಬಿಟ್ಟಿಗೆಯ ಕೆಂಪುಮಣ್ಣಿನ ದಾರಿ, ಒಂದು ಹಳ್ಳ, ಹಳ್ಳದ ಮೇಲೆ ಸಂಕ, ಆಚೆ ದಾರಿಗಡ್ಡವಾಗಿ ದಣಪೆ. ದಣಪೆಯ ಗಳು ಸರಿಸಿ ಸೈಕಲ್ಲು ಒಳಗೆ ತಂದು ಮತ್ತೆ ಗಳು ಹಾಕುವುದನ್ನು ಮರೆತು, ಒಂದು ಕಡೆ ಗದ್ದೆಯ ಯಜಮಾನರಿಂದ ಚೆನ್ನಾಗಿ ಬೈಗುಳ ತಿಂದೆವು. ಅದು ನ್ಯಾಯವೇ, ಅವರ ದನ ಆಗಲೇ ಹೊರಬಿದ್ದಿತ್ತು. ಬೈದು ಮುಗಿಸಿದ ಮೇಲೆ ಎಲ್ಲಿಂದ ಬಂದಿರೆಂದು ಕೇಳಿದರು. ಬಹ್ರೇನ್ ಎಂದೆವು. “ಎಂತ ಮಾರಾಯ್ರೆ, ಅಲ್ಲಿ ಇಷ್ಟು ವರ್ಷ ದುಡಿದು ಸೈಕಲ್ಲೇ ತಗೊಂಡದ್ದಾ?” ಎಂದರು. ಮಜ್ಜಿಗೆ ಕುಡಿಸಿಯೇ ಕಳಿಸಿದರು.

ಈ ದಾರಿಗಳು ಇಂದು ನಿನ್ನೆಯವಲ್ಲ. ಕೆಳದಿಯ ಅರಸರ ಕಾಲದಲ್ಲಿ ಮೆಣಸು, ಅಕ್ಕಿ ಘಟ್ಟ ಇಳಿದು ಬಸ್ರೂರು, ಹೊನ್ನಾವರದ ಬಂದರುಗಳಿಗೆ ಹೋಗುತ್ತಿತ್ತು. 1623ರಲ್ಲಿ ಇಟಲಿಯ ಪ್ರವಾಸಿ ಪಿಯೆತ್ರೊ ಡೆಲ್ಲಾ ವಲ್ಲೆ ಗೇರುಸೊಪ್ಪೆಯ ಕಡೆಯಿಂದ ಘಟ್ಟ ಹತ್ತಿ ಇಕ್ಕೇರಿಗೆ ಬಂದಿದ್ದ. ಬಿದನೂರನ್ನು ಹೈದರಾಲಿ ಗೆದ್ದದ್ದು 1763ರಲ್ಲಿ; ಅವನಿಟ್ಟ ಹೈದರ್‌ನಗರವೇ ಸವೆದು ಇಂದಿನ ‘ನಗರ’ ಆಗಿದೆ. ರಾಜಧಾನಿಯಾಗಿದ್ದ ಆ ಊರಿನ ಕೋಟೆಯ ಬಾಗಿಲಲ್ಲಿ ನಮ್ಮ ಮಗಳ ಸೈಕಲ್ಲಿಗೆ ಪಂಕ್ಚರ್ ಹಾಕಿದೆವು. 1964ರಲ್ಲಿ ಲಿಂಗನಮಕ್ಕಿ ಅಣೆಕಟ್ಟು ಮುಗಿದು ಶರಾವತಿಯ ಹಿನ್ನೀರು ಹರಡಿದಾಗ ಈ ಸೀಮೆಯ ಎಷ್ಟೋ ಹಳೆಯ ದಾರಿಗಳು ನೀರಿನಡಿಗೆ ಹೋದವು. ಬೆಂಗಳೂರಿಗೆ, ಮೈಸೂರಿಗೆ ಬೆಳಕು ಬಂತು. ದಾರಿ ಕಳೆದುಕೊಂಡ ಊರುಗಳಿಗೆ ವಿದ್ಯುತ್ತು ತಡವಾಗಿ ಬಂತು.

ಕುಪ್ಪಳಿಯಲ್ಲಿ ಕುವೆಂಪು ಅವರ ಮನೆಯ ಮುಂದೆ ಸೈಕಲ್ಲು ನಿಲ್ಲಿಸಿದಾಗ ನಮಗೆ ನೆನಪಾದದ್ದು 1967ರ ‘ಮಲೆಗಳಲ್ಲಿ ಮದುಮಗಳು’ ಕಾದಂಬರಿಯ ಪಾದ್ರಿಯ ಬೈಸಿಕಲ್ಲು. ಊರವರ ಬಾಯಲ್ಲಿ ಅದು ‘ಬೀಸೆಕಲ್ಲು’ ಆಗುವುದು, ಆ ಸವಾರಿಯ ಫಜೀತಿ ಓದಿದವರಿಗೆಲ್ಲ ಗೊತ್ತು. ಅಂದಿನಿಂದ ನಮ್ಮ ಮನೆಯಲ್ಲಿ ಸೈಕಲ್ಲಿಗೆ ಬೀಸೆಕಲ್ಲು ಎಂದೇ ಹೆಸರು. ಮಗಳು ಕಾದಂಬರಿಯನ್ನು ಓದುತ್ತೇನೆಂದು ಬ್ಯಾಗಿಗೆ ಹಾಕಿಕೊಂಡಿದ್ದಾಳೆ. ನೂರನೆಯ ಪುಟ ಇನ್ನೂ ದಾಟಿಲ್ಲ. ಇರಲಿ.

ಈಗ ಎರಡನೆಯ ರಾತ್ರಿಯ ವಿಷಯ. ಅದನ್ನು ಬೇಕೆಂದೇ ಕೊನೆಗೆ ಇಟ್ಟುಕೊಂಡೆವು.

ನಿಟ್ಟೂರಿನಿಂದ ಮುಂದೆ ಒಳಗಿನ ಒಂದು ಕಣಿವೆಯಲ್ಲಿ ನಮ್ಮ ದೊಡ್ಡಮ್ಮನ ಮನೆ. ಊರಿನ ಹೆಸರು ಹೇಳುವುದಿಲ್ಲ, ಅವರಿಗೆ ಇಷ್ಟವಿಲ್ಲ. ಡಾಂಬರು ಬಿಟ್ಟು ಮೂರು ಕಿಲೋಮೀಟರು ಮಣ್ಣುದಾರಿ, ಕೊನೆಗೆ ಕಾಲುಸಂಕ. ಆ ಮೂರು ಕಿಲೋಮೀಟರು ನಾಲ್ಕು ದಿನಗಳಲ್ಲೇ ಅತ್ಯಂತ ಸುಂದರವಾದ ಹಾದಿ. ಎರಡೂ ಕಡೆ ಕಾಡು, ಚಕ್ರದಡಿ ಒಣಗಿದ ಎಲೆಗಳ ಸದ್ದು. ಎದುರಿಗೆ ಒಂದು ವಾಹನವೂ ಬರಲಿಲ್ಲ. ಮನೆ ಮುಟ್ಟಿದಾಗ ಅಡಿಕೆ ಕೊಯ್ಲಿನ ಗಡಿಬಿಡಿ. ಹಂಡೆಯಲ್ಲಿ ಅಡಿಕೆ ಬೇಯುತ್ತಿತ್ತು, ಅಂಗಳವೆಲ್ಲ ಚೊಗರಿನ ವಾಸನೆ. ರಾತ್ರಿ ಮೆಟ್ಟುಗತ್ತಿಯ ಮುಂದೆ ಸಾಲಾಗಿ ಕುಳಿತು ಅಡಿಕೆ ಸುಲಿಯುವವರ ಜತೆ ನಮ್ಮ ಮಗಳೂ ಕುಳಿತು ಬೆರಳು ಕೊಯ್ದುಕೊಂಡಳು. ಎಲೆಚುಕ್ಕೆ ರೋಗದಿಂದ ಆ ವರ್ಷ ತೋಟದ ಒಂದು ಮಗ್ಗುಲು ಹೋಗಿತ್ತು. ಅದರ ಮಾತೇ ಮಾತು.

ನಾವು ಉತ್ಸಾಹದಲ್ಲಿ ಇಟಲಿಯ ಕಥೆ ಹೇಳಿದೆವು. ಟಸ್ಕನಿ ಸೀಮೆಯಲ್ಲಿ ಬಿಳಿ ಜಲ್ಲಿಯ ಹಳೆಯ ದಾರಿಗಳಿವೆ. ಅವಕ್ಕೆಲ್ಲ ಡಾಂಬರು ಬೀಳುತ್ತಿರುವುದನ್ನು ಕಂಡು, ಅವನ್ನು ಉಳಿಸಲೆಂದೇ 1997ರಲ್ಲಿ ಗಾಯೋಲೆ ಎಂಬ ಊರಿನಲ್ಲಿ ‘ಲೆರೊಯಿಕಾ’ ಎಂಬ ಹಳೆಯ ಸೈಕಲ್ಲುಗಳ ಸವಾರಿ ಆರಂಭಿಸಿದರು. ಈಗ ಲೋಕದ ಮೂಲೆಮೂಲೆಗಳಿಂದ ಜನ ಬರುತ್ತಾರೆ, ದಾರಿಗಳೂ ಉಳಿದಿವೆ. ಈ ದಾರಿಯನ್ನೂ ಹಾಗೆ ಉಳಿಸಬೇಕು ದೊಡ್ಡಮ್ಮ, ಎಂದುಬಿಟ್ಟೆವು.

ದೊಡ್ಡಮ್ಮ ಕೈಯಲ್ಲಿದ್ದ ಅಡಿಕೆ ಸುಲಿದು ಬುಟ್ಟಿಗೆ ಹಾಕಿದರು. “ನಿಂಗೆ ಚೆಂದ ಕಾಣ್ತದೆ ಮಾರಾಯ. ನಿನ್ನ ದೊಡ್ಡಪ್ಪನ್ನ ಇದೇ ದಾರೀಲಿ ಕಂಬಳೀಲಿ ಹೊತ್ಕೊಂಡು ಹೋದ್ರು. ಜೀಪು ಹೂತಿತ್ತು. ಆವಾಗ ನೀನು ಅಲ್ಲೇ ಇದ್ದೆ” ಎಂದರು.

ಆವಾಗ ನಾವು ಇಲ್ಲೇ ಇದ್ದೆವು. ಹೌದು. ದೂರವಾಣಿಯಲ್ಲಿ ಸುದ್ದಿ ಕೇಳಿದೆವು, ಹದಿಮೂರನೆಯ ದಿನಕ್ಕೂ ಹೋಗಲಾಗಲಿಲ್ಲ.

ಅವರ ಮೊಮ್ಮಗಳು ಮೂರನೆಯ ತರಗತಿ. ಮಳೆಗಾಲದಲ್ಲಿ ಸಂಕ ದಾಟಿಯೇ ಶಾಲೆಗೆ. 2022ರ ಆಗಸ್ಟಿನಲ್ಲಿ ಬೈಂದೂರು ತಾಲ್ಲೂಕಿನಲ್ಲಿ ಶಾಲೆಯಿಂದ ಮನೆಗೆ ಬರುತ್ತಿದ್ದ ಎರಡನೆಯ ತರಗತಿಯ ಹುಡುಗಿ ಕಾಲುಸಂಕದಿಂದ ಜಾರಿ ಹಳ್ಳದ ಪಾಲಾದದ್ದನ್ನು ನಿಮ್ಮಲ್ಲಿ ಹಲವರು ಓದಿರಬಹುದು. ದೊಡ್ಡಮ್ಮನ ಮನೆಯವರು ಆ ಸುದ್ದಿಯ ಪತ್ರಿಕೆಯ ತುಂಡನ್ನು ಇಟ್ಟುಕೊಂಡಿದ್ದಾರೆ, ಅರ್ಜಿಗಳ ಜತೆಗೆ. ಬಹ್ರೇನಿನಲ್ಲಿ ಸಾಮಾನ್ಯ ವರ್ಷ 80 ಮಿಲಿಮೀಟರು ಮಳೆ ಬಿದ್ದರೆ ಹೆಚ್ಚು. ಆಗುಂಬೆಯ ಸೀಮೆಯಲ್ಲಿ 7,000 ದಾಟುತ್ತದೆ. ಆ ನೀರೆಲ್ಲ ಎರಡು ಅಡಿಕೆ ಮರ ಜೋಡಿಸಿದ ಸಂಕದಡಿ ಹರಿಯುವುದನ್ನು ಡಿಸೆಂಬರಿನಲ್ಲಿ ಹೋದ ನಾವು ಕಂಡಿಲ್ಲ.

ಆ ರಾತ್ರಿ ನಮಗೆ ನಿದ್ರೆ ಸರಿಯಾಗಿ ಬರಲಿಲ್ಲ. ಟಸ್ಕನಿಯವರಿಗೆ ಆಸ್ಪತ್ರೆಗೆ ಹೋಗಲು ಬೇರೆ ಒಳ್ಳೆಯ ರಸ್ತೆ ಇದೆ. ಹಾಗಾಗಿ ಹಳೆಯದನ್ನು ಚೆಂದಕ್ಕೆಂದು ಉಳಿಸಿಕೊಳ್ಳಬಲ್ಲರು. ದೊಡ್ಡಮ್ಮನಿಗೆ ಇರುವುದು ಇದೊಂದೇ. ಈ ದಾರಿಯಿಂದ ತಪ್ಪಿಸಿಕೊಂಡರೆ ಸಾಕೆಂದು ಊರು ಬಿಟ್ಟವರಲ್ಲಿ ನಾವೂ ಸೇರಿದ್ದೇವೆ. ಮನೆಯ ಐವರು ಹುಡುಗರಲ್ಲಿ ಅಲ್ಲಿ ಉಳಿದವನು ಒಬ್ಬನೇ.

ಬೆಳಿಗ್ಗೆ ಸಂಕ ದಾಟುವಾಗ ನಾವು ಸೈಕಲ್ಲು ಹೆಗಲಿಗೇರಿಸಿ ತತ್ತರಿಸುತ್ತಿದ್ದರೆ, ಆ ಪುಟ್ಟ ಹುಡುಗಿ ಚಪ್ಪಲಿ ಕೈಯಲ್ಲಿ ಹಿಡಿದು ಮುಂದೆ ನಡೆದು ಹೋದಳು. ಕೆಳಗೆ ನೋಡಲೇ ಇಲ್ಲ. ನಮ್ಮ ಮಗ ಆಚೆ ದಡದಲ್ಲಿ ತನ್ನ ಸೈಕಲ್ಲನ್ನು ಅವಳಿಗೆ ಕೊಟ್ಟ. ಅವಳು ಅದನ್ನು ತಿರುಗಿಸಿ ನೋಡಿ, ಬ್ರೇಕು ಹಿಡಿದು ನೋಡಿ, ಡಾಂಬರಿನ ತನಕ ತುಳಿದುಕೊಂಡು ಹೋಗಿ ವಾಪಸು ಕೊಟ್ಟಳು. ಅವನು ಅಷ್ಟು ದೂರ ಓಡಿದ.

ಮುಂದಿನ ಡಿಸೆಂಬರಿಗೆ ನಮ್ಮೊಡನೆ ಬರುವ ಉದ್ದೇಶವಿರುವ ಕುಟುಂಬಗಳಿಗೆ ಒಂದೆರಡು ಸೂಚನೆ. ಕಾಡಂಚಿನಲ್ಲಿ ಉಣುಗುಗಳ ಕಾಟವಿದೆ. 1957ರಲ್ಲಿ ಸೊರಬ ತಾಲ್ಲೂಕಿನ ಕ್ಯಾಸನೂರಿನಲ್ಲಿ ಮೊದಲು ಗುರುತಿಸಿದ ಮಂಗನ ಕಾಯಿಲೆ ಹರಡುವುದು ಇವುಗಳಿಂದಲೇ, ಅದೂ ಡಿಸೆಂಬರಿನಿಂದ ಮೇ ತನಕ ಹೆಚ್ಚು. ಪೂರ್ತಿ ತೋಳಿನ ಅಂಗಿ ಹಾಕಿ, ಆರೋಗ್ಯ ಇಲಾಖೆಯವರು ಹಂಚುವ ಎಣ್ಣೆ ಹಚ್ಚಿಕೊಳ್ಳಿ, ಸಂಜೆ ಮೈ ನೋಡಿಕೊಳ್ಳಿ. ಸತ್ತ ಮಂಗ ಕಂಡರೆ ಹತ್ತಿರ ಹೋಗದೆ ಊರವರಿಗೆ ತಿಳಿಸಿ. ಆಗುಂಬೆಯ 14 ತಿರುವುಗಳಲ್ಲಿ ಬ್ರೇಕು ಒಂದೇ ಸಮನೆ ಹಿಡಿಯಬೇಡಿ, ಬಿಟ್ಟುಬಿಟ್ಟು ಹಿಡಿಯಿರಿ. ದಣಪೆ ತೆಗೆದವರು ಹಾಕಿ ಬನ್ನಿ.

ಕಳೆದ ತಿಂಗಳು ದೊಡ್ಡಮ್ಮನಿಂದ ವಾಟ್ಸಾಪಿನಲ್ಲಿ ಒಂದು ಚಿತ್ರ ಬಂತು. ಮಣ್ಣುದಾರಿಯ ಬಾಯಲ್ಲಿ ಲಾರಿ ಸುರಿದ ಜಲ್ಲಿಯ ರಾಶಿ. ಕೆಳಗೆ ಮೊಮ್ಮಗಳ ಕೈಯಲ್ಲಿ ಬರೆಸಿದ್ದರು: “ಜಲ್ಲಿ ಬಂತು. ನಿಮ್ಮ ಸೈಕಲ್ಲಿಗಲ್ಲ.” ಸಂಕದ ವಿಷಯ ಇನ್ನೂ ಏನೂ ಇಲ್ಲವಂತೆ.