ಕಾದ ಡ್ರಮ್ಮು, ತಣಿದ ವರದಿ

ಠಾಣೆ, ಕಲ್ಯಾಣ, ಡೊಂಬಿವಲಿ ಮತ್ತು ನವಿ ಮುಂಬಯಿಯ ಕಾಮಗಾರಿಗಳಲ್ಲಿ ದುಡಿಯುವ ಟಿಪ್ಪರ್, ಟ್ರಾನ್ಸಿಟ್ ಮಿಕ್ಸರ್, ಕ್ರೇನ್ ಮತ್ತು ಲೋಡರುಗಳ ಏರ್ ಬ್ರೇಕ್ ದೋಷಗಳನ್ನು ಪತ್ತೆಹಚ್ಚುವ ಬಗೆಯನ್ನು ಚರ್ಚಿಸಲು ಏರ್ಪಟ್ಟಿರುವ ಈ ವಿಚಾರ ಸಂಕಿರಣಕ್ಕೆ ಎಂಜಿನಿಯರುಗಳು, ಮೋಟಾರು ವಾಹನ ನಿರೀಕ್ಷಕರು, ವಿಮಾ ಸರ್ವೇಯರುಗಳು ಮತ್ತು ಗ್ಯಾರೇಜಿನ ಹಿರಿಯ ಮೇಸ್ತ್ರಿಗಳು ಕೆಲಸದ ದಿನವೊಂದನ್ನು ಬಿಟ್ಟುಕೊಟ್ಟು ಬಂದಿದ್ದಾರೆ. ಆಶಯ ಭಾಷಣದ ಕರ್ತವ್ಯ ಒಂದು ನಿಲುವನ್ನು ಮುಂದಿಡುವುದಾದ್ದರಿಂದ ಅದನ್ನು ಮೊದಲೇ ಹೇಳಿಬಿಡುವುದು ಲೇಸು. ಈ ಯಂತ್ರಗಳು ಕೈಕೊಡುವುದು ಇಳಿಜಾರಿನಲ್ಲಿ, ತುಂಬಿದ ಹೊರೆಯೊಂದಿಗೆ, ಡ್ರಮ್ಮು ಕಾದಿರುವ ಹೊತ್ತಿನಲ್ಲಿ. ಅವುಗಳ ಪರೀಕ್ಷೆ ನಡೆಯುವುದು ಮಟ್ಟಸ ನೆಲದಲ್ಲಿ, ಖಾಲಿ ಗಾಡಿಯ ಮೇಲೆ, ಡ್ರಮ್ಮು ಪೂರ್ತಿ ತಣಿದ ಮೇಲೆ. ದೋಷಪತ್ತೆಯ ವಿದ್ಯೆ ದಾರಿ ತಪ್ಪಿರುವುದು ಇಲ್ಲಿಯೇ.

ವ್ಯವಸ್ಥೆಯ ರಚನೆ ಸಭೆಗೆ ತಿಳಿಯದ್ದಲ್ಲವಾದರೂ ವಾದಕ್ಕೆ ಬೇಕಾದಷ್ಟನ್ನು ನೆನೆಯಬೇಕಾಗಿದೆ. ಎಂಜಿನಿನ ಬಲದಿಂದ ತಿರುಗುವ ಕಂಪ್ರೆಸರ್ ಹವಾವನ್ನು ಒತ್ತಿ, ತೇವ ಹೀರುವ ಏರ್ ಡ್ರೈಯರಿನ ಮೂಲಕ ಟ್ಯಾಂಕುಗಳಿಗೆ ತುಂಬುತ್ತದೆ. ಚಾಲಕ ಪೆಡಲ್ ತುಳಿದಾಗ ಫುಟ್ ವಾಲ್ವ್ ತೆರೆದುಕೊಂಡು, ಆ ಹವಾ ಗ್ಯಾರೇಜಿನಲ್ಲಿ ಬೂಸ್ಟರ್ ಎಂದೇ ಕರೆಯಲಾಗುವ ಬ್ರೇಕ್ ಚೇಂಬರಿಗೆ ನುಗ್ಗಿ, ಅದರೊಳಗಿನ ರಬ್ಬರ್ ಡಯಾಫ್ರಾಮನ್ನು ತಳ್ಳುತ್ತದೆ. ಆಗ ಪುಶ್ ರಾಡ್ ಹೊರಚಾಚಿ, ಸ್ಲ್ಯಾಕ್ ಅಡ್ಜಸ್ಟರ್ ಎಂಬ ಸನ್ನೆಗೋಲನ್ನು ತಿರುಗಿಸಿ, ಎಸ್ ಆಕಾರದ ಕ್ಯಾಮಿನ ಮೂಲಕ ಲೈನರುಗಳನ್ನು ಡ್ರಮ್ಮಿನ ಒಳಮೈಗೆ ಒತ್ತುತ್ತದೆ. ಹವಾ ಹೋದರೆ ಬ್ರೇಕು ತಾನಾಗಿ ಹಿಡಿಯಬೇಕೆಂಬ ತತ್ವವನ್ನು ಜಾರ್ಜ್ ವೆಸ್ಟಿಂಗ್‌ಹೌಸ್ 1872ರಲ್ಲಿಯೇ ರೈಲಿಗೆ ಅಳವಡಿಸಿದ್ದನು. ಇಂದಿನ ಟಿಪ್ಪರಿನ ಹಿಂದಿನ ಗಾಲಿಗಳಲ್ಲಿ ಅದೇ ಕೆಲಸವನ್ನು ಸ್ಪ್ರಿಂಗ್ ಬ್ರೇಕ್ ಮಾಡುತ್ತದೆ: ಹವಾದ ಒತ್ತಡ ಅದುಮಿಟ್ಟಿದ್ದ ಬಲವಾದ ಸ್ಪ್ರಿಂಗ್, ಒತ್ತಡ ಇಳಿದೊಡನೆ ಬಿಚ್ಚಿಕೊಂಡು ಗಾಲಿಯನ್ನು ಹಿಡಿಯುತ್ತದೆ. ಇದರಿಂದ ಹೊರಡುವ ತೀರ್ಮಾನವನ್ನು ತನಿಖೆಯ ವರದಿಗಳು ಸಾಮಾನ್ಯವಾಗಿ ಗಮನಿಸುವುದೇ ಇಲ್ಲ. ಹವಾ ಪೂರ್ತಿ ಸೋರಿಹೋದ ಗಾಡಿ ನಿಂತಲ್ಲೇ ನಿಲ್ಲುವುದು ಹೆಚ್ಚು. ಇಳಿಜಾರಿನಲ್ಲಿ ಹಿಡಿತ ತಪ್ಪಿ ಓಡಿದ ಗಾಡಿಯ ಟ್ಯಾಂಕಿನಲ್ಲಿ ಬಹುಮಟ್ಟಿಗೆ ಹವಾ ಇದ್ದೇ ಇರುತ್ತದೆ.

ಡ್ಯಾಶ್‌ಬೋರ್ಡಿನ ಗೇಜು ತೋರಿಸುವುದು ಟ್ಯಾಂಕಿನ ಒತ್ತಡವನ್ನೇ ಹೊರತು ಗಾಲಿಯ ಬ್ರೇಕಿನ ಬಲವನ್ನಲ್ಲ. ಮುಳ್ಳು 8 ಬಾರಿನ ಹತ್ತಿರ ನಿಂತಿದ್ದರೂ ನಾಲ್ಕು ಗಾಲಿಗಳ ಲೈನರು ಡ್ರಮ್ಮನ್ನು ಸರಿಯಾಗಿ ಮುಟ್ಟದಿರುವುದು ಸಾಧ್ಯ. ಆದರೂ ದೂರು ಬಂದಾಗ ಮೊದಲು ಗೇಜು ನೋಡುವುದು, ಬಳಿಕ ಸೋಪಿನ ನೀರು ಹಚ್ಚಿ ಲೀಕು ಹುಡುಕುವುದು, ಅದೂ ಸಿಗದಿದ್ದರೆ ಫುಟ್ ವಾಲ್ವ್, ರಿಲೇ ವಾಲ್ವ್ ಎಂದು ಒಂದೊಂದಾಗಿ ಬಿಡಿಭಾಗ ಬದಲಿಸುವುದು ರೂಢಿಯಾಗಿದೆ. ಸೋರಿಕೆಯ ಹುಡುಕಾಟ ವ್ಯರ್ಥವೆಂದು ಇದರ ಅರ್ಥವಲ್ಲ. ವಾಹನಗಳ ಬ್ರೇಕಿಂಗ್ ಕುರಿತ ಐಎಸ್ 11852 ಮಾನಕಮಾಲೆಯನ್ನು ಅರೆದು ಕುಡಿದವರು ಮುಂಸಾಲಿನಲ್ಲಿಯೇ ಇದ್ದಾರೆ. ಒತ್ತಡದ ಏರಿಳಿತದ ಬಗೆಗೆ ಅವರ ಮಾತೇ ಪ್ರಮಾಣವೆಂದು ಒಪ್ಪಿ ಮುಂದೆ ಸಾಗಬಹುದು.

ಈ ನೆಲದ ಹವಾಮಾನ ದೋಷಗಳಿಗೆ ತನ್ನದೇ ಪಾಲು ಸೇರಿಸುತ್ತದೆ. ಜೂನಿನಿಂದ ಸೆಪ್ಟೆಂಬರಿನವರೆಗೆ ಕೊಂಕಣದ ಮಳೆಗಾಲದಲ್ಲಿ ಕಂಪ್ರೆಸರ್ ಒಳಗೆಳೆಯುವ ಗಾಳಿ ನೀರಾವಿಯಿಂದ ತುಂಬಿರುತ್ತದೆ. ಏರ್ ಡ್ರೈಯರಿನ ಕಾರ್ಟ್ರಿಡ್ಜನ್ನು ಸಕಾಲಕ್ಕೆ ಬದಲಿಸದಿದ್ದರೆ ಆ ನೀರು ಕಂಪ್ರೆಸರಿನ ಎಣ್ಣೆಯೊಂದಿಗೆ ಬೆರೆತು, ಬಿಳಿಚಿದ ಲೋಳೆಯಾಗಿ ಟ್ಯಾಂಕಿನ ತಳದಲ್ಲಿ ನಿಂತು, ವಾಲ್ವುಗಳ ಗ್ರೀಸನ್ನು ತೊಳೆದುಹಾಕುತ್ತದೆ. ಖಾಡಿಯ ಉಪ್ಪುಗಾಳಿ ಚೇಂಬರಿನ ತಗಡನ್ನು ತಿನ್ನುತ್ತದೆ. ಕ್ವಾರಿಯ ಸಣ್ಣ ಧೂಳು ಕ್ಯಾಮಿನ ಬುಶ್ಶನ್ನು ಸವೆಸುತ್ತದೆ. ಬ್ರೇಕಿನ ಟ್ಯಾಂಕಿಗೇ ಟೀ ಜಾಯಿಂಟ್ ಹಾಕಿ ಪ್ರೆಶರ್ ಹಾರ್ನ್‌ಗೆ ಪೈಪು ಎಳೆಯುವ ಚಾಳಿಯಂತೂ ಕ್ಷಮಿಸಲಾಗದ್ದು. ಪ್ರಾಣ ಕಾಯಬೇಕಾದ ಹವಾವನ್ನು ಸದ್ದಿಗೆ ಸುರಿಯುವ ಈ ಕೆಲಸವನ್ನು ನಿಲ್ಲಿಸುವ ಅಧಿಕಾರವಿರುವವರು ಸಭೆಯಲ್ಲಿದ್ದಾರೆ.

ಕಳಂಬೋಲಿಯ ಟ್ರಕ್ ಟರ್ಮಿನಲ್ ಸುತ್ತಲಿನ ಗ್ಯಾರೇಜುಗಳಲ್ಲಿ ಮತ್ತೆ ಮತ್ತೆ ಕಾಣಸಿಗುವ ಬಗೆಯ ಪ್ರಸಂಗವೊಂದನ್ನು ಇಲ್ಲಿ ವಿವರಿಸುವುದು ಉಚಿತ. ಮಧ್ಯಾಹ್ನದ ಮೇಲೆ ಬ್ರೇಕು ಹಿಡಿಯುವುದಿಲ್ಲವೆಂಬ ದೂರಿನೊಂದಿಗೆ ಟಿಪ್ಪರು ಬರುತ್ತದೆ, ವಾಲ್ವುಗಳು ಬದಲಾಗುತ್ತವೆ, ಬೆಳಿಗ್ಗೆ ನೋಡಿದರೆ ಎಲ್ಲವೂ ಸರಿಯಿರುತ್ತದೆ, ಮರುದಿನ ಮಧ್ಯಾಹ್ನ ಅದೇ ದೂರು. ತಿಳಿದ ಮೇಸ್ತ್ರಿಯಾದರೆ ಚಾಲಕನಿಗೆ ಹೊರೆಯ ಸಮೇತ ಇಳಿಜಾರಿನಿಂದ ನೇರವಾಗಿ ಗಾಡಿ ತರಲು ಹೇಳಿ, ಗಾಲಿಗಳಿಗೆ ಅಡೆ ಇಟ್ಟು, ಹ್ಯಾಂಡ್ ಬ್ರೇಕ್ ಬಿಡಿಸಿ, ಪುಶ್ ರಾಡ್ ಚೇಂಬರಿನಿಂದ ಹೊರಬರುವ ಜಾಗದಲ್ಲಿ ಸೀಮೆಸುಣ್ಣದ ಗೆರೆ ಎಳೆದು, ಪೆಡಲ್ ತುಳಿಸುತ್ತಾನೆ. ಬೆಳಿಗ್ಗೆ ಮಿತಿಯೊಳಗಿದ್ದ ಗೆರೆ ಈಗ ಮಿತಿ ದಾಟಿ ಹೊರಬರುತ್ತದೆ. ಬಿಚ್ಚಿ ನೋಡಿದಾಗ ಕ್ಯಾಮಿನ ಬುಶ್ಶು ಸವೆದಿರುತ್ತದೆ. ಲೇತಿನಲ್ಲಿ ಹಲವು ಸಲ ಕೊರೆಸಿದ ಡ್ರಮ್ಮು ತೆಳುವಾಗಿ ಬೇಗನೆ ಕಾಯುತ್ತಿರುತ್ತದೆ. ವಾಲ್ವುಗಳಿಗೂ ಈ ದೋಷಕ್ಕೂ ಸಂಬಂಧವೇ ಇರುವುದಿಲ್ಲ.

ಸೀಮೆಸುಣ್ಣದ ಆ ಗೆರೆಯ ಹಿಂದಿನ ಲೆಕ್ಕ ಸರಳವಾದುದು. ಬೀಡುಕಬ್ಬಿಣ ಪ್ರತಿ ಡಿಗ್ರಿ ಸೆಲ್ಸಿಯಸ್ಸಿಗೆ ತನ್ನ ಅಳತೆಯ ಹತ್ತು ಲಕ್ಷದಲ್ಲಿ ಸುಮಾರು 11 ಭಾಗದಷ್ಟು ಹಿಗ್ಗುವುದರಿಂದ, 410 ಮಿಲಿಮೀಟರ್ ವ್ಯಾಸದ ಡ್ರಮ್ಮು 300 ಡಿಗ್ರಿಯಷ್ಟು ಹೆಚ್ಚು ಕಾದರೆ ಅದರ ವ್ಯಾಸ ಸುಮಾರು 1.35 ಮಿಲಿಮೀಟರ್ ಬೆಳೆಯುತ್ತದೆ. ಆ ಅಲ್ಪ ಅಂತರ ಸನ್ನೆಗೋಲಿನ ಉದ್ದದಿಂದಾಗಿ ಹಲವು ಪಟ್ಟಾಗಿ, ಪುಶ್ ರಾಡಿನಲ್ಲಿ ಒಂದು ಸೆಂಟಿಮೀಟರಿನ ಆಸುಪಾಸಿನ ಹೆಚ್ಚುವರಿ ಚಲನೆಯಾಗಿ ಕಾಣಿಸಿಕೊಳ್ಳುತ್ತದೆ. ಬಹುವಾಗಿ ಬಳಕೆಯಲ್ಲಿರುವ 30ನೇ ನಮೂನೆಯ ಚೇಂಬರಿನಲ್ಲಿ ಪುಶ್ ರಾಡಿನ ಒಟ್ಟು ಚಲನೆ ಸುಮಾರು 64 ಮಿಲಿಮೀಟರ್. 51 ಮಿಲಿಮೀಟರ್ ದಾಟಿದರೆ ಹೊಂದಾಣಿಕೆ ತಪ್ಪಿದೆಯೆಂದು ಲೆಕ್ಕ, ಏಕೆಂದರೆ ಅಲ್ಲಿಂದಾಚೆಗೆ ಡಯಾಫ್ರಾಮಿನ ಬಲ ಬೇಗನೆ ಕುಸಿಯುತ್ತದೆ. ತಣ್ಣಗಿರುವಾಗ 46 ಮಿಲಿಮೀಟರ್ ತೋರಿಸಿ ತೇರ್ಗಡೆಯಾದ ಬ್ರೇಕು ಇಳಿಜಾರಿನ ನಡುವೆ 56ಕ್ಕೆ ತಲುಪುವುದು ಹೀಗೆ. ಸ್ಪ್ರಿಂಗ್ ಬ್ರೇಕ್ ಕೂಡ ಇದೇ ಪುಶ್ ರಾಡನ್ನೇ ತಳ್ಳುವುದರಿಂದ, ಹೊಂದಾಣಿಕೆ ತಪ್ಪಿದ ಗಾಡಿಯಲ್ಲಿ ಹ್ಯಾಂಡ್ ಬ್ರೇಕ್ ಎಳೆದರೂ ಕೊನೆಯ ಆಸರೆ ದೊರಕುವುದಿಲ್ಲ.

ಈ ವಿಷಯದಲ್ಲಿ ಕಲ್ಯಾಣದ ರೈಲು ನೆಲೆಯಿಂದ ಕಲಿಯಬೇಕಾದದ್ದು ಬಹಳವಿದೆ. ಅಲ್ಲಿಂದ ಕವಲೊಡೆಯುವ ಎರಡು ಮಾರ್ಗಗಳು ಕಸಾರಾದ ಮೇಲೆ ಥಳ್ ಘಾಟನ್ನೂ ಕರ್ಜತ್‌ನ ಮೇಲೆ ಭೋರ್ ಘಾಟನ್ನೂ ಹತ್ತುತ್ತವೆ. ಎರಡರ ಕಡಿದಾದ ಏರು 37ಕ್ಕೆ 1. ಅಲ್ಲಿ ಇಳಿಯುವ ರೈಲಿನ ಬ್ರೇಕನ್ನು ಇಳಿಜಾರಿಗೆ ಮುನ್ನವೇ ಪರೀಕ್ಷಿಸಲಾಗುತ್ತದೆ. ಹಿಡಿತ ತಪ್ಪಿದ ರೈಲನ್ನು ತಿರುಗಿಸಿ ನಿಲ್ಲಿಸಲು ಕ್ಯಾಚ್ ಸೈಡಿಂಗ್‌ಗಳಿವೆ. ಘೋಡ್‌ಬಂದರ್ ರಸ್ತೆಯ ಗಾಯ್‌ಮುಖ್ ಘಾಟನ್ನೋ ಮುಂಬ್ರಾ ಬೈಪಾಸನ್ನೋ ಇಳಿಯುವ ಟಿಪ್ಪರಿಗೆ ಇಂತಹ ಶಿಸ್ತು ಇಲ್ಲ. ನವಿ ಮುಂಬಯಿ ವಿಮಾನ ನಿಲ್ದಾಣಕ್ಕಾಗಿ ಸುಮಾರು 90 ಮೀಟರ್ ಎತ್ತರದ ಉಲ್ವೆ ಗುಡ್ಡವನ್ನು ಸಿಡಿಸಿ ಮಟ್ಟಮಾಡಿದಂತಹ ಕಾಮಗಾರಿಗಳಲ್ಲಿ ಹೊರೆ ಹೊತ್ತ ಗಾಡಿಗಳು ದಿನವಿಡೀ ಇಳಿಯುತ್ತಲೇ ಇರುತ್ತವೆ. ಕ್ವಾರಿಯೊಳಗೆ ಗಣಿ ಸುರಕ್ಷತೆಯ ನಿಯಮಗಳು, ರಸ್ತೆಯ ಮೇಲೆ 1989ರ ಕೇಂದ್ರ ಮೋಟಾರು ವಾಹನ ನಿಯಮಗಳು, ಕಟ್ಟಡದ ಜಾಗದಲ್ಲಿ ನಿರ್ಮಾಣ ಕಾರ್ಮಿಕರ ಸುರಕ್ಷತೆಯ ನಿಯಮಗಳು: ಒಂದೇ ಟ್ರಿಪ್ಪಿನಲ್ಲಿ ಗಾಡಿ ಮೂರು ಆಡಳಿತಗಳನ್ನು ದಾಟುತ್ತದೆ, ಕಾದ ಡ್ರಮ್ಮಿನ ಹೊಣೆ ಮಾತ್ರ ಯಾರದೂ ಆಗುವುದಿಲ್ಲ.

ಇಲ್ಲಿಂದ ಮುಂದಿನದು ಇನ್ನೂ ಬಗೆಹರಿಯದ ಪ್ರಶ್ನೆ. ಅಪಘಾತದ ನಂತರ ಪಂಚನಾಮೆ ಮುಗಿದು ನಿರೀಕ್ಷಕರು ಗಾಡಿಯ ಬಳಿ ಬರುವ ಹೊತ್ತಿಗೆ ಡ್ರಮ್ಮು ತಣಿದು ಮೊದಲಿನ ಅಳತೆಗೆ ಮರಳಿರುತ್ತದೆ. ಪುಶ್ ರಾಡ್ ಮಿತಿಯೊಳಗೆ ಬಂದಿರುತ್ತದೆ. ಸಾಕ್ಷ್ಯ ತಾನಾಗಿ ಅಳಿಸಿಹೋಗಿರುತ್ತದೆ. ಬ್ರೇಕಿನಲ್ಲಿ ದೋಷವಿಲ್ಲವೆಂದು ವರದಿಯಾದರೆ ಹೊಣೆ ಚಾಲಕನ ತಲೆಗೆ ಬೀಳುತ್ತದೆ. ಕಲಬುರಗಿ, ಯಾದಗಿರಿ, ವಿಜಯಪುರದ ಕಡೆಯಿಂದ ದುಡಿಯಲು ಬಂದ ಚಾಲಕ, ಪೆಡಲ್ ಹೇಗೆ ಕೆಳಗಿಳಿಯಿತು, ಸುಟ್ಟ ವಾಸನೆ ಎಲ್ಲಿಂದ ಬರತೊಡಗಿತು, ಯಾವ ಗೇರಿನಲ್ಲಿ ಇಳಿಯುತ್ತಿದ್ದ ಎಂಬುದನ್ನು ತನ್ನ ಮಾತಿನಲ್ಲಿ ಖಚಿತವಾಗಿ ಹೇಳಬಲ್ಲ. ಕೇಳುವ ನಮೂನೆಯಲ್ಲಿ ಅದಕ್ಕೊಂದು ಅಂಕಣ ಬೇಕು. ತಣಿದ ಗಾಡಿಯಲ್ಲಿ ಉಳಿಯುವ ಗುರುತುಗಳಾದ ಡ್ರಮ್ಮಿನ ನೀಲಿಗಟ್ಟಿದ ಕಲೆ, ಕೂದಲೆಳೆಯ ಬಿರುಕು, ಹೊಳಪೇರಿದ ಲೈನರು ಇವುಗಳಿಂದ ಕಾದ ಹೊತ್ತಿನ ಸ್ಥಿತಿಯನ್ನು ಎಷ್ಟರ ಮಟ್ಟಿಗೆ ಹಿಂದಕ್ಕೆ ಲೆಕ್ಕಹಾಕಬಹುದು ಎಂಬುದಕ್ಕೆ ಒಪ್ಪಿತವಾದ ಕ್ರಮ ರೂಪುಗೊಳ್ಳಬೇಕಾಗಿದೆ.

ತಾನಾಗಿ ಹೊಂದಿಕೊಳ್ಳುವ ಆಟೋ ಸ್ಲ್ಯಾಕ್ ಅಡ್ಜಸ್ಟರ್ ಬಂದ ಮೇಲೆ ಈ ಪ್ರಶ್ನೆ ಮುಗಿಯಿತೆಂಬ ಅಭಿಪ್ರಾಯವನ್ನು ಒಪ್ಪಲಾಗದು. ಅಮೆರಿಕದ ಪೆನ್ಸಿಲ್ವೇನಿಯದ ಗ್ಲೆನ್ ರಾಕ್‌ನಲ್ಲಿ 2003ರಲ್ಲಿ ಇಳಿಜಾರಿನಲ್ಲಿ ಹಿಡಿತ ತಪ್ಪಿದ್ದು ಒಂದು ಟಿಪ್ಪರೇ. ಆ ಅಪಘಾತದ ತನಿಖೆಯ ನಂತರ ಅಲ್ಲಿನ ರಾಷ್ಟ್ರೀಯ ಸಾರಿಗೆ ಸುರಕ್ಷತಾ ಮಂಡಳಿ, ಮಿತಿ ದಾಟಿದ ಆಟೋ ಅಡ್ಜಸ್ಟರನ್ನು ಸ್ಪ್ಯಾನರಿನಿಂದ ಬಿಗಿಯುವುದು ಒಳಗಿನ ದೋಷವನ್ನು ಮರೆಮಾಚಿ ಸುಳ್ಳು ಧೈರ್ಯ ಕೊಡುತ್ತದೆಂದು ಎಚ್ಚರಿಸಿತು. ಠಾಣೆಯ ಗ್ಯಾರೇಜುಗಳಲ್ಲಿ ಆ ಸ್ಪ್ಯಾನರು ಇನ್ನೂ ಕೈಯಲ್ಲಿಯೇ ಇದೆ. ಅದಕ್ಕಿಂತ ಕಠಿಣವಾದ ತೊಡಕು ಬೇರೆಯಿದೆ: ಚಲನೆಯ ಉದ್ದವನ್ನು ಮಾತ್ರ ಗ್ರಹಿಸುವ ಅಡ್ಜಸ್ಟರು ಕಾದು ಹಿಗ್ಗಿದ ಡ್ರಮ್ಮನ್ನು ಸವೆದ ಲೈನರೆಂದು ಎಣಿಸಿ ಬಿಗಿದುಕೊಂಡರೆ, ತಣಿದ ಮೇಲೆ ಲೈನರು ಡ್ರಮ್ಮಿಗೆ ಉಜ್ಜುತ್ತ ಮರುದಿನದ ಕಾವನ್ನು ಬೆಳಗಿನಿಂದಲೇ ಕೂಡಿಹಾಕುತ್ತದೆ. ಕಾದ ಸ್ಥಿತಿಯ ಅಳತೆಯನ್ನು ಗಾಡಿ ನಿಂತ ಎಷ್ಟು ನಿಮಿಷದೊಳಗೆ, ಯಾವ ಉಷ್ಣತೆಯಲ್ಲಿ, ಎಷ್ಟು ಹೊರೆಯೊಂದಿಗೆ ತೆಗೆಯಬೇಕೆಂಬುದನ್ನು ಗೋಷ್ಠಿಗಳು ಮೊದಲು ಎತ್ತಿಕೊಳ್ಳಬೇಕು, ಮತ್ತು ಆ ಚರ್ಚೆಯಲ್ಲಿ ಮೊದಲ ಮಾತಿನ ಅವಕಾಶ ಸೀಮೆಸುಣ್ಣ ಹಿಡಿದ ಮೇಸ್ತ್ರಿಗಳಿಗೆ ಸಿಗಬೇಕೆಂದು ಸಭಾಧ್ಯಕ್ಷರಲ್ಲಿ ವಿನಂತಿ.