ಗಿರಣಿ ಮಾಲೀಕ, ಕಾರ್ಮಿಕ ನಾಯಕ ಮತ್ತು ಬಡ್ಡಿಯ ಜಗಳ

2002ರ ಮಧ್ಯಭಾಗದಲ್ಲಿ ಬ್ರೆಜಿಲ್‌ನ ವರ್ಕರ್ಸ್ ಪಾರ್ಟಿಯೊಳಗೆ ಒಂದು ಹೆಸರಿನ ಸುತ್ತ ದೊಡ್ಡ ಜಗಳವೇ ನಡೆಯಿತು. ಅಧ್ಯಕ್ಷ ಪದವಿಗೆ ಮೂರು ಸಲ ನಿಂತು ಮೂರು ಸಲವೂ ಸೋತಿದ್ದ ಲೂಲ ನಾಲ್ಕನೆಯ ಬಾರಿಗೆ ಸಜ್ಜಾಗಿದ್ದರು. ಕಾರ್ಖಾನೆಯಲ್ಲಿ ಲೇತ್ ನಡೆಸಿ, ಮುಷ್ಕರಗಳನ್ನು ಮುನ್ನಡೆಸಿ ಬೆಳೆದ ಈ ನಾಯಕ ಉಪಾಧ್ಯಕ್ಷ ಸ್ಥಾನಕ್ಕೆ ಆರಿಸಿಕೊಂಡದ್ದು ದೇಶದ ಅತಿ ದೊಡ್ಡ ಜವಳಿ ಕಂಪನಿಗಳಲ್ಲೊಂದರ ಮಾಲೀಕರನ್ನು. ಪಕ್ಷದ ಎಡಪಂಥೀಯರಿಗೆ ಇದು ಗಂಟಲಲ್ಲಿ ಇಳಿಯಲಿಲ್ಲ. ಸೆನೆಟರ್ ಎಲೊಯಿಜಾ ಎಲೆನಾ ಈ ಮೈತ್ರಿಯನ್ನು ಒಪ್ಪದೆ ಅಲಾಗೋವಾಸ್ ರಾಜ್ಯದ ಗವರ್ನರ್ ಚುನಾವಣೆಯಿಂದಲೇ ಹಿಂದೆ ಸರಿದರು.

ಆ ಮಾಲೀಕರ ಹೆಸರು ಜೋಸೆ ಅಲೆಂಕಾರ್ ಗೋಮೆಸ್ ದ ಸಿಲ್ವ. ಇಂದಿನ ಉಪನ್ಯಾಸ ಅವರ ಕುರಿತು. ಉದ್ಯಮಿಗಳು ರಾಜಕೀಯಕ್ಕೆ ಬರುವುದು ಬ್ರೆಜಿಲ್‌ನಲ್ಲಾಗಲಿ ನಮ್ಮಲ್ಲಾಗಲಿ ಹೊಸತಲ್ಲ. ಆದರೆ ಕಾರ್ಮಿಕರ ಸರ್ಕಾರದಲ್ಲಿ ಎರಡನೆಯ ಸ್ಥಾನದಲ್ಲಿದ್ದುಕೊಂಡು, ಅದೇ ಸರ್ಕಾರದ ಬಡ್ಡಿ ದರದ ವಿರುದ್ಧ ಎಂಟು ವರ್ಷ ದನಿಯೆತ್ತಿದ ಉದ್ಯಮಿ ಇನ್ನೊಬ್ಬರು ಸಿಗುವುದು ಕಷ್ಟ. ಆ ಹಟ ಹುಟ್ಟಿದ್ದು ಬಟ್ಟೆ ಅಂಗಡಿಯ ಗಲ್ಲಾದ ಹಿಂದೆ.

ಅಲೆಂಕಾರ್ ಹುಟ್ಟಿದ್ದು 1931ರ ಅಕ್ಟೋಬರ್ 17ರಂದು, ಮಿನಾಸ್ ಜೆರಾಯ್ಸ್ ರಾಜ್ಯದ ಮುರಿಯಾಯೆ ಬಳಿಯ ಹಳ್ಳಿಯಲ್ಲಿ. ಹದಿನೈದು ಮಕ್ಕಳ ಮನೆಯಲ್ಲಿ ಇವರು ಹನ್ನೊಂದನೆಯವರು. ತಂದೆಯದು ಸಣ್ಣ ವ್ಯಾಪಾರ. ಹುಡುಗ ಹದಿಹರೆಯದಲ್ಲೇ ಮನೆ ಬಿಟ್ಟು ಮುರಿಯಾಯೆ ಪೇಟೆಯ ಬಟ್ಟೆ ಅಂಗಡಿಯಲ್ಲಿ ಕೆಲಸಕ್ಕೆ ಸೇರಿದ. ಸಿಗುತ್ತಿದ್ದ ಸಂಬಳದಲ್ಲಿ ಹೋಟೆಲಿನ ಕೋಣೆಯ ಬಾಡಿಗೆ ಕಟ್ಟಲು ಸಾಧ್ಯವಿರಲಿಲ್ಲ. ಹಾಗಾಗಿ ಹೋಟೆಲಿನ ಕಾರಿಡಾರ್‌ನಲ್ಲೇ ಒಂದು ಮಂಚ ಹಾಕಿಸಿಕೊಂಡು ಮಲಗುತ್ತಿದ್ದ. ಕೆಲವು ವರ್ಷಗಳ ಬಳಿಕ ಕರಾಟಿಂಗ ಎಂಬ ಊರಿಗೆ ಹೋದ, ಅಲ್ಲಿಯೂ ಅಂಗಡಿ ಕೆಲಸವೇ. 1950ರಲ್ಲಿ, ಇನ್ನೂ ಹದಿನೆಂಟರ ಪ್ರಾಯದಲ್ಲಿ, ಸ್ವಂತ ಅಂಗಡಿ ತೆರೆದ. ಆಗಿನ ಕಾನೂನಿನ ಪ್ರಕಾರ 21 ತುಂಬದವರು ತಮ್ಮ ಹೆಸರಿನಲ್ಲಿ ವ್ಯಾಪಾರ ನಡೆಸುವಂತಿರಲಿಲ್ಲ. ತಂದೆ ಕಾಗದ ಮಾಡಿಕೊಟ್ಟು ಮಗನನ್ನು ವಯಸ್ಕನೆಂದು ಘೋಷಿಸಬೇಕಾಯಿತು. ಅಣ್ಣ ಜೆರಾಲ್ದೊ 15,000 ಕ್ರುಜೇರೊ ಸಾಲ ಕೊಟ್ಟರು. ಬಟ್ಟೆ, ಟೋಪಿ, ಕೊಡೆ, ಚಪ್ಪಲಿ ಎಲ್ಲವೂ ಆ ಅಂಗಡಿಯಲ್ಲಿ ಸಿಗುತ್ತಿದ್ದವು. ಖರ್ಚು ಉಳಿಸಲು ಹುಡುಗ ಅಲ್ಲೇ ಮಲಗುತ್ತಿದ್ದ, ಹೊರಗಿನಿಂದ ಬುತ್ತಿ ತರಿಸಿ ಉಣ್ಣುತ್ತಿದ್ದ.

ಸಾಲ ಇಲ್ಲದೆ ವ್ಯಾಪಾರವಿಲ್ಲ, ಆದರೆ ಸಾಲದ ಬೆಲೆ ಮಿತಿ ಮೀರಿದರೆ ವ್ಯಾಪಾರವೇ ಉಳಿಯದು. ಅಣ್ಣನ ದುಡ್ಡಿನಿಂದ ಅಂಗಡಿ ಇಟ್ಟವರಿಗೆ ಇದನ್ನು ಅರ್ಥಶಾಸ್ತ್ರದ ಪುಸ್ತಕ ಕಲಿಸಬೇಕಾಗಿರಲಿಲ್ಲ. ಕಾಲೇಜಿನ ಮೆಟ್ಟಿಲನ್ನಂತೂ ಅವರು ಹತ್ತಿದವರೇ ಅಲ್ಲ.

1959ರಲ್ಲಿ ಜೆರಾಲ್ದೊ ತೀರಿಕೊಂಡಾಗ ಉಬಾ ಎಂಬ ಊರಿನಲ್ಲಿದ್ದ ಅಣ್ಣನ ಸಗಟು ಬಟ್ಟೆ ವ್ಯಾಪಾರ ತಮ್ಮನ ಹೆಗಲಿಗೆ ಬಂತು. ಅಲ್ಲಿಂದ ಸಿದ್ಧ ಉಡುಪಿನ ತಯಾರಿಕೆಗೆ, ಉಡುಪಿನಿಂದ ನೂಲು ಮತ್ತು ನೇಯ್ಗೆಗೆ. 1967ರಲ್ಲಿ ಲೂಯಿಸ್ ದೆ ಪಾವ್ಲ ಫೆರೇರ ಅವರೊಡನೆ ಸೇರಿ ಮಿನಾಸ್‌ನ ಉತ್ತರದ ಒಣನೆಲದಲ್ಲಿರುವ ಮೊಂತೆಸ್ ಕ್ಲಾರೋಸ್‌ನಲ್ಲಿ ಕೊತೆಮಿನಾಸ್ ಕಂಪನಿಯನ್ನು ಕಟ್ಟಿದರು. ಗಿರಣಿ ತಿರುಗಲು ಶುರುವಾದದ್ದು 1975ರಲ್ಲಿ.

ಇಲ್ಲಿ ಸ್ವಲ್ಪ ನಿಲ್ಲಬೇಕು. ಬರಿಗೈಯಲ್ಲಿ ಹೊರಟು ಬರೀ ಬೆವರಿನಿಂದ ಮೇಲೆ ಬಂದವರೆಂದು ಇಂಥವರ ಕಥೆ ಹೇಳುವುದು ವಾಡಿಕೆ. ಆದರೆ ಮೊಂತೆಸ್ ಕ್ಲಾರೋಸ್‌ನಂಥ ಬರಪೀಡಿತ ಪ್ರದೇಶಕ್ಕೆ ಗಿರಣಿ ಬಂದದ್ದರ ಹಿಂದೆ ಸರ್ಕಾರದ ಕೈ ಇತ್ತು. ಈಶಾನ್ಯ ಬ್ರೆಜಿಲ್‌ನ ಅಭಿವೃದ್ಧಿಗೆಂದು 1959ರಲ್ಲಿ ಹುಟ್ಟಿದ ಸುದೇನೆ ಎಂಬ ಸಂಸ್ಥೆಯ ವ್ಯಾಪ್ತಿಗೆ ಉತ್ತರ ಮಿನಾಸ್ ಕೂಡ ಸೇರಿತ್ತು. ಕಂಪನಿಗಳು ತಾವು ಕಟ್ಟಬೇಕಾದ ಆದಾಯ ತೆರಿಗೆಯ ಒಂದು ಪಾಲನ್ನು ಅಲ್ಲಿನ ಮಂಜೂರಾದ ಯೋಜನೆಗಳಲ್ಲಿ ಹೂಡಬಹುದಿತ್ತು. ಕೊತೆಮಿನಾಸ್ ಬೆಳೆದದ್ದು ಇಂಥ ನೆರವಿನಿಂದ. ಅಲೆಂಕಾರ್ ಮುಂದೆ ಕೈಗಾರಿಕೆಯ ಬೆನ್ನಿಗೆ ಸರ್ಕಾರ ನಿಲ್ಲಬೇಕು ಎಂದು ವಾದಿಸಿದಾಗ ಈ ಅನುಭವ ಅವರ ಹಿಂದಿತ್ತು.

1990ರ ದಶಕದಲ್ಲಿ ಬ್ರೆಜಿಲ್ ಆಮದಿಗೆ ಬಾಗಿಲು ತೆರೆದಾಗ ಏಷ್ಯಾದ ಅಗ್ಗದ ಬಟ್ಟೆ ನುಗ್ಗಿತು. 1994ರ ಬಳಿಕ ಹೊಸ ನಾಣ್ಯ ರಿಯಾಲ್‌ನ ಮೌಲ್ಯ ಏರಿ ಆಮದು ಇನ್ನಷ್ಟು ಸಲೀಸಾಯಿತು, ಬಡ್ಡಿಯೂ ಗಗನಕ್ಕೇರಿತು. ಹಳೆಯ ಗಿರಣಿಗಳು ಸಾಲುಸಾಲಾಗಿ ಮುಚ್ಚಿದವು. ಹೊಸ ಯಂತ್ರಗಳನ್ನು ಹಾಕಿ ಪರೈಬ, ರಿಯೊ ಗ್ರಾಂದೆ ದೊ ನೋರ್ತೆ ರಾಜ್ಯಗಳಿಗೂ ಹಬ್ಬಿದ ಕೊತೆಮಿನಾಸ್ ಬದುಕುಳಿಯಿತು. ಆ ಹೊತ್ತಿಗೆ ಅಲೆಂಕಾರ್ ಮಿನಾಸ್ ಕೈಗಾರಿಕಾ ಒಕ್ಕೂಟದ ಅಧ್ಯಕ್ಷರಾಗಿ ಸಾರ್ವಜನಿಕ ಮುಖವಾಗಿದ್ದರು. 1994ರಲ್ಲಿ ಗವರ್ನರ್ ಸ್ಥಾನಕ್ಕೆ ನಿಂತು ಸೋತರು. 1998ರಲ್ಲಿ ಸುಮಾರು 30 ಲಕ್ಷ ಮತ ಪಡೆದು ಸೆನೆಟರ್ ಆದರು.

ಲೂಲ ಇವರನ್ನು ಕರೆದದ್ದೇಕೆ? 2002ರಲ್ಲಿ ಎಡಪಂಥೀಯ ಗೆಲ್ಲುತ್ತಾರೆಂಬ ಸುದ್ದಿಗೇ ಮಾರುಕಟ್ಟೆ ನಡುಗುತ್ತಿತ್ತು. ಅಕ್ಟೋಬರ್ ಹೊತ್ತಿಗೆ ಡಾಲರ್ ನಾಲ್ಕು ರಿಯಾಲ್‌ನ ಹತ್ತಿರಕ್ಕೆ ಬಂದಿತ್ತು. ಪಕ್ಕದಲ್ಲಿ ಒಬ್ಬ ಗಿರಣಿ ಮಾಲೀಕ ನಿಂತರೆ ಉದ್ಯಮ ವಲಯಕ್ಕೆ ಧೈರ್ಯ ಬರುತ್ತದೆ ಎಂಬುದು ಲೆಕ್ಕಾಚಾರ. ಲೆಕ್ಕ ಫಲಿಸಿತು, ಎರಡನೆಯ ಸುತ್ತಿನಲ್ಲಿ ಜೋಡಿಗೆ ಶೇ 61ರಷ್ಟು ಮತ ಬಿತ್ತು. ಆದರೆ ಲೆಕ್ಕಕ್ಕೆ ಸಿಗದ ಒಂದು ಸಂಗತಿ ಇತ್ತು. ಹಣಕಾಸು ಮಾರುಕಟ್ಟೆಯನ್ನು ಸಮಾಧಾನಪಡಿಸಲು ಹೊಸ ಸರ್ಕಾರ 2003ರ ಫೆಬ್ರವರಿಯಲ್ಲಿ ಮೂಲ ಬಡ್ಡಿ ದರವನ್ನು ಶೇ 26.5ಕ್ಕೆ ಒಯ್ದಾಗ, ಅದರ ವಿರುದ್ಧ ಗಟ್ಟಿಯಾಗಿ ಮಾತಾಡಿದ್ದು ಇದೇ ಮಾಲೀಕರು. ಅರ್ಥ ಸಚಿವ ಪಲೋಸ್ಸಿ ಮತ್ತು ಕೇಂದ್ರ ಬ್ಯಾಂಕಿನ ಮೇರೆಲೆಸ್ ಹಣದುಬ್ಬರದ ಕಡೆ ಬೆರಳು ತೋರಿಸಿದರೆ, ಇವರು ಬಾಗಿಲು ಹಾಕುವ ಕಾರ್ಖಾನೆಯ ಕಡೆ ತೋರಿಸುತ್ತಿದ್ದರು. ದರ ಇಳಿದು 2005ರಲ್ಲಿ ಮತ್ತೆ ಶೇ 19.75ಕ್ಕೆ ಏರಿದಾಗಲೂ ದನಿ ತಗ್ಗಲಿಲ್ಲ. ಅಲೆಂಕಾರ್ ಅವರನ್ನು ಲೂಲ ತಡೆಯಲೂ ಇಲ್ಲ, ಅವರ ಮಾತಿನಂತೆ ನಡೆಯಲೂ ಇಲ್ಲ.

2003ರ ಸೆಪ್ಟೆಂಬರ್‌ನ ಒಂದು ಪ್ರಸಂಗ ಅವರ ಸ್ವಭಾವವನ್ನು ಹತ್ತಿರದಿಂದ ತೋರಿಸುತ್ತದೆ. ಲೂಲ ವಿದೇಶ ಪ್ರವಾಸದಲ್ಲಿದ್ದರು, ಅಲೆಂಕಾರ್ ಹಂಗಾಮಿ ಅಧ್ಯಕ್ಷರು. ದಕ್ಷಿಣದ ರಿಯೊ ಗ್ರಾಂದೆ ದೊ ಸುಲ್‌ನ ರೈತರು ಅರ್ಜೆಂಟೀನಾದಿಂದ ಕಳ್ಳಸಾಗಣೆಯಲ್ಲಿ ಬಂದಿದ್ದ ಕುಲಾಂತರಿ ಸೋಯಾ ಬೀಜವನ್ನು ಕೈಯಲ್ಲಿ ಹಿಡಿದು ಬಿತ್ತನೆಗೆ ಕಾಯುತ್ತಿದ್ದರು. ಪರಿಸರ ಸಚಿವೆ ಮರೀನಾ ಸಿಲ್ವ ವಿರೋಧಿಸುತ್ತಿದ್ದರು. ಬಿತ್ತನೆಗೆ ಅನುಮತಿ ನೀಡುವ ತುರ್ತು ಆದೇಶ ಮೇಜಿನ ಮೇಲೆ ಬಂದಾಗ ಅಲೆಂಕಾರ್ ಕಣ್ಣುಮುಚ್ಚಿ ಸಹಿ ಹಾಕಲಿಲ್ಲ. ಕಾನೂನಿನ ತೊಡಕುಗಳಿವೆ ಎಂದು ಬಹಿರಂಗವಾಗಿಯೇ ಹಿಂಜರಿದು, ಸಲಹೆ ಕೇಳಿ, ಕಡೆಗೆ ಸಹಿ ಹಾಕಿದರು. ಸಹಿ ಸರಿಯೇ ಎಂಬ ವಾದ ಬೇರೆ. ಕುರ್ಚಿ ಹಂಗಾಮಿಯಾದರೂ ಹೊಣೆ ತನ್ನದೇ ಎಂದುಕೊಂಡ ಮನುಷ್ಯ ಅಲ್ಲಿ ಕಾಣುತ್ತಾರೆ.

2004ರ ನವೆಂಬರ್‌ನಿಂದ 2006ರ ಮಾರ್ಚ್‌ವರೆಗೆ ರಕ್ಷಣಾ ಖಾತೆಯನ್ನೂ ಅವರೇ ನೋಡಿಕೊಂಡರು. ಹಿಂದಿನ ಸಚಿವ ವಿಯೇಗಾಸ್ ರಾಜೀನಾಮೆ ಕೊಟ್ಟದ್ದು ಸರ್ವಾಧಿಕಾರದ ಕಾಲವನ್ನು ಸಮರ್ಥಿಸಿದ ಸೇನೆಯ ಹೇಳಿಕೆಯ ಗದ್ದಲದಲ್ಲಿ.

ಕಪ್ಪು ಚುಕ್ಕೆಯೂ ಇದೆ. 2005ರಲ್ಲಿ ಸಂಸದರಿಗೆ ಹಣ ಹಂಚಿದ ಮೆನ್ಸಲಾವ್ ಹಗರಣ ಸ್ಫೋಟಿಸಿದಾಗ ಅಲೆಂಕಾರ್ ಅವರ ಲಿಬರಲ್ ಪಾರ್ಟಿ ಅದರ ನಡುಮಧ್ಯೆ ಇತ್ತು. 2002ರ ಮೈತ್ರಿಗೆ ಹಣದ ಮಾತುಕತೆಯೂ ನಡೆದಿತ್ತೆಂದು ಆ ಪಕ್ಷದ ನಾಯಕ ವಲ್ದೆಮಾರ್ ಕೋಸ್ತ ನೇತೊ ಅವರೇ ಆ ವರ್ಷ ಹೇಳಿದರು. ಅಲೆಂಕಾರ್ ಪಕ್ಷ ಬಿಟ್ಟು ಹೊಸ ರಿಪಬ್ಲಿಕನ್ ಪಕ್ಷ ಸೇರಿದರು. ಬ್ರೆಜಿಲ್‌ಗೆ ಅಣುಬಾಂಬು ಇರಬೇಕೆಂಬ ಅವರ 2009ರ ಮಾತನ್ನೂ ಒಪ್ಪಲು ಸಾಧ್ಯವಿಲ್ಲ. ಅಂಥ ಅಸ್ತ್ರವನ್ನು ಅವರ ದೇಶದ ಸಂವಿಧಾನವೇ ಒಪ್ಪುವುದಿಲ್ಲ.

ಹಾಗಿದ್ದರೂ ಜನ ಅವರನ್ನು ಮನೆಯ ಹಿರಿಯರಂತೆ ಹಚ್ಚಿಕೊಂಡರು. ಕಾರಣ ಕಾಯಿಲೆ, ಅದನ್ನು ಅವರು ಮುಚ್ಚಿಡದೆ ಬದುಕಿದ ರೀತಿ. 1997ರಲ್ಲಿ ಮೊದಲು ಕಾಣಿಸಿದ ಕ್ಯಾನ್ಸರ್ ಮತ್ತೆ ಮತ್ತೆ ಮರಳಿತು. 2009ರ ಜನವರಿಯ ಶಸ್ತ್ರಚಿಕಿತ್ಸೆಯೊಂದೇ 17 ಗಂಟೆಗೂ ಹೆಚ್ಚು ಹೊತ್ತು ನಡೆಯಿತು. ಆಸ್ಪತ್ರೆಯಿಂದ ಹೊರಬಂದಾಗಲೆಲ್ಲ ವರದಿಗಾರರ ಮುಂದೆ ನಿಂತು ರೋಗದ ವಿವರ ಹೇಳುತ್ತಿದ್ದರು, ಸಾವಿಗಿಂತ ಅಪಮಾನಕ್ಕೆ ಹೆದರುತ್ತೇನೆ ಎನ್ನುತ್ತಿದ್ದರು. 2011ರ ಜನವರಿ 1ರಂದು ಹೊಸ ಅಧ್ಯಕ್ಷೆ ದಿಲ್ಮಾ ರೂಸೆಫ್ ಅವರ ಪದಗ್ರಹಣಕ್ಕೆ ಹೋಗಲೇಬೇಕೆಂದು ಹಟ ಹಿಡಿದಿದ್ದರು, ವೈದ್ಯರು ಬಿಡಲಿಲ್ಲ. ಅಧಿಕಾರ ಹಸ್ತಾಂತರಿಸಿದ ಲೂಲ ಅದೇ ದಿನ ಸಾವ್ ಪಾವ್ಲೊದ ಆಸ್ಪತ್ರೆಗೆ ಬಂದು ಅವರನ್ನು ಕಂಡರು. ಮಾರ್ಚ್ 29ರಂದು, 79ನೆಯ ವಯಸ್ಸಿನಲ್ಲಿ ಅಲೆಂಕಾರ್ ತೀರಿಕೊಂಡರು.

ಆ ಬಳಿಕ ಬ್ರೆಜಿಲ್‌ನಲ್ಲಿ ಬೇರೆ ಬಗೆಯ ಉದ್ಯಮಿಗಳು ಗೆದ್ದರು. 2016ರಲ್ಲಿ ಸಾವ್ ಪಾವ್ಲೊದ ಮೇಯರ್ ಆಗಿ ಆಯ್ಕೆಯಾದ ಜೊವಾವ್ ದೋರಿಯ ತಾನು ರಾಜಕಾರಣಿಯಲ್ಲ, ಆಡಳಿತಗಾರ ಎಂದು ಹೇಳಿಕೊಂಡೇ ಮತ ಕೇಳಿದರು. ಅಂಗಡಿ ಸರಪಳಿಯ ಒಡೆಯ ರೊಮೆವು ಜೇಮ 2018ರಲ್ಲಿ ಅಲೆಂಕಾರ್ ಅವರದೇ ಮಿನಾಸ್‌ನ ಗವರ್ನರ್ ಆಗಿ ಆಯ್ಕೆಯಾದದ್ದು ಸರ್ಕಾರವನ್ನು ಕುಗ್ಗಿಸುತ್ತೇನೆಂಬ ಮಾತಿನ ಮೇಲೆ. ರಾಜಕೀಯವನ್ನು ಹೀಗೆ ದೂರವಿಡುವ ಮಾತನ್ನು ಅಲೆಂಕಾರ್ ಆಡಲಿಲ್ಲ. ಪಕ್ಷ, ಚೌಕಾಸಿ, ಭಿನ್ನಮತ ಎಲ್ಲವನ್ನೂ ಒಪ್ಪಿಕೊಂಡೇ ಅವರು ಒಳಗೆ ಬಂದವರು.

ಅವರ ಮಗ ಜೊಸುಯೆ ನಡೆಸುತ್ತಿದ್ದ ಕೊತೆಮಿನಾಸ್ ಸಾಲದ ಹೊರೆ ತಾಳಲಾರದೆ 2024ರ ಮೇ ತಿಂಗಳಲ್ಲಿ ನ್ಯಾಯಾಲಯದ ರಕ್ಷಣೆ ಕೋರಿತು. ಲೂಲ ಮೂರನೆಯ ಅವಧಿಗೆ ಮರಳಿ ಈಗ ಅದೇ ಬಡ್ಡಿಯ ವಿರುದ್ಧ ತಾವೇ ಮಾತಾಡುತ್ತಿದ್ದಾರೆ. ಅವರೇ ನೇಮಿಸಿದ ಗವರ್ನರ್ ಗಬ್ರಿಯೆಲ್ ಗಲಿಪೊಲೊ ಮುಖ್ಯಸ್ಥರಾಗಿರುವ ಕೇಂದ್ರ ಬ್ಯಾಂಕ್ 2025ರ ಜೂನ್‌ನಲ್ಲಿ ದರವನ್ನು ಶೇ 15ಕ್ಕೆ ಏರಿಸಿತು.