ಆಲೆಮನೆಯಿಂದ ಕೊಲಂಬೊ ಪೇಟೆಗೆ

ಬೆಂಗಳೂರಿನಿಂದ ಮೈಸೂರಿಗೆ ಹೋಗುವ ರೈಲುದಾರಿಯಲ್ಲಿ ಮಂಡ್ಯವನ್ನು ದಾಟಿದೊಡನೆ ಸಿಕ್ಕುವ ಸಣ್ಣ ನಿಲ್ದಾಣ ಯಲಿಯೂರು. ಕನ್ನಂಬಾಡಿಯಲ್ಲಿ ಕಟ್ಟಿ ನಿಲ್ಲಿಸಿದ ಕಾವೇರಿಯ ನೀರು ನಾಲೆಗಳಲ್ಲಿ ಹರಿದುಬಂದು ಈ ಸೀಮೆಯನ್ನು ಕಬ್ಬು ಬತ್ತಗಳ ಬಯಲನ್ನಾಗಿ ಮಾಡಿತು. 1933ರಲ್ಲಿ ಮೈಸೂರು ಸಕ್ಕರೆ ಕಂಪೆನಿ ಮಂಡ್ಯದಲ್ಲಿ ಸ್ಥಾಪನೆಯಾಯಿತು. ಆದರೂ ಆಲೆಮನೆಯ ಒಲೆ ಆರಲಿಲ್ಲ. ಜಿಲ್ಲೆಗೊಂದು ಉತ್ಪನ್ನವೆಂದು ಕೇಂದ್ರ ಸರ್ಕಾರ 2020ರಲ್ಲಿ ಕೈಗೊಂಡ ಯೋಜನೆಯಲ್ಲಿ ಮಂಡ್ಯದ ಪಾಲಿಗೆ ಬಂದದ್ದು ಬೆಲ್ಲವೇ.

ಈ ಬೆಲ್ಲ ಕಡಲು ದಾಟಬಹುದೆ? ರಫ್ತು ಎಂದೊಡನೆ ನಮ್ಮ ಮನಸ್ಸು ಅಮೆರಿಕೆಗೋ ಅರಬರ ನಾಡಿಗೋ ಓಡುತ್ತದೆ. ನಮ್ಮಂತೆಯೇ ಕಾಸಿಗೆ ಕಾಸು ಎಣಿಸಿ ಬಾಳುವ ನೆರೆಯ ನಾಡುಗಳನ್ನು ನಾವು ನೆನೆಯುವುದು ಕಡಮೆ. ಈ ಹೊತ್ತು ಅಂಥ ಪೇಟೆಯೊಂದರ ವಿಚಾರವನ್ನೇ ಹೇಳಬೇಕೆಂದಿದ್ದೇನೆ.

ಮೊದಲ ಮಾತು, ದೂರದ ಲೆಕ್ಕ. ನೇಪಾಳದವರು ಮಕರ ಸಂಕ್ರಾಂತಿಯಂದು ಎಳ್ಳುಂಡೆಯನ್ನೂ, ಬೆಲ್ಲವನ್ನು ಕಾಯಿಸಿ ಮಾಡಿದ ‘ಚಾಕು’ ಎಂಬ ಸಿಹಿಯನ್ನೂ ತಿನ್ನುತ್ತಾರೆ. ನಮ್ಮ ಎಳ್ಳುಬೆಲ್ಲಕ್ಕೆ ಅದು ಹತ್ತಿರದ ನೆಂಟ. ಆದರೆ ಉತ್ತರ ಪ್ರದೇಶದ ಮುಜಫರನಗರವೂ ಬೆಲ್ಲದ ದೊಡ್ಡ ಪೇಟೆ. ನೇಪಾಳಕ್ಕೆ ಅದು ನಮಗಿಂತ ಬಹಳ ಸಮೀಪ. ಲಾರಿ ಬಾಡಿಗೆಯೇ ನಮ್ಮ ಲಾಭವನ್ನು ನುಂಗಿಬಿಡುತ್ತದೆ. ನಾವು ನೋಡಬೇಕಾದ್ದು ತೆಂಕಣ ದಿಕ್ಕಿಗೆ. ತೂತ್ತುಕುಡಿಯ ಬಂದರಿಗೂ ಕೊಲಂಬೊವಿಗೂ ನಡುವೆ ಇರುವುದು ಕಿರಿದಾದ ಕಡಲು. ಎರಡು ದೇಶಗಳ ನಡುವಣ ಮುಕ್ತ ವ್ಯಾಪಾರದ ಒಪ್ಪಂದ 2000ದ ಮಾರ್ಚ್ ತಿಂಗಳಿನಿಂದ ಜಾರಿಯಲ್ಲಿದೆ. ಅದರಲ್ಲಿ ಯಾವ ಸರಕಿಗೆ ಸುಂಕದ ರಿಯಾಯಿತಿ ಉಂಟು, ಯಾವುದಕ್ಕೆ ಇಲ್ಲ ಎಂಬ ಪಟ್ಟಿಯನ್ನು ನೋಡಿಕೊಂಡೇ ಬೆಲೆ ಕಟ್ಟಬೇಕು.

ಎರಡನೆಯದು, ಕೊಳ್ಳುವವರ ಅಡಿಗೆಮನೆಯನ್ನು ಬಲ್ಲವರಾಗುವುದು. ಸಿಂಹಳದವರಿಗೆ ಬೆಲ್ಲ ಹೊಸತಲ್ಲ. ನಾವು ಬಗನಿ ಎನ್ನುವ ಮರವನ್ನು ಅವರು ‘ಕಿತುಲ್’ ಎನ್ನುತ್ತಾರೆ. ಅದರ ರಸದ ಬೆಲ್ಲಕ್ಕೆ ಅಲ್ಲಿ ಮೊದಲ ಮನ್ನಣೆ, ಬೆಲೆಯೂ ಹೆಚ್ಚು. ಹಾಲಿಲ್ಲದ ಚಹಾವನ್ನು ಗುಟುಕರಿಸುತ್ತ ಬೆಲ್ಲದ ಚೂರನ್ನು ಕಡಿಯುವುದು ಅಲ್ಲಿನ ರೂಢಿ. ಏಪ್ರಿಲ್ ತಿಂಗಳ ಹೊಸವರ್ಷದ ಹಬ್ಬಕ್ಕೆ ಅಕ್ಕಿಹಿಟ್ಟನ್ನು ಸಿಹಿಪಾಕದಲ್ಲಿ ಕಲಸಿ ‘ಕವುಂ’ ಕರಿಯುತ್ತಾರೆ. ನಮ್ಮ ಕಜ್ಜಾಯದ ಬಳಗದ್ದೇ ಆ ತಿಂಡಿ. ಜನವರಿಯಲ್ಲಿ ಅಲ್ಲಿನ ತಮಿಳರ ಮನೆಗಳಲ್ಲಿ ಸಿಹಿಪೊಂಗಲು. ಆದುದರಿಂದ ಹಬ್ಬಕ್ಕೆ ಒಂದು ತಿಂಗಳು ಮುಂಚೆ ಸರಕು ಅಂಗಡಿಯಲ್ಲಿರಬೇಕು. ಚಹಾದೊಡನೆ ಕಡಿಯುವವನಿಗೆ ಪಿಂಡಿಯಂಥ ದಪ್ಪ ಬೆಲ್ಲ ಬೇಡ, ಸಣ್ಣ ಅಚ್ಚು ಬೇಕು. ದಿನಗೂಲಿಯವನು ಕಾಲು ಕಿಲೊ ಕೊಳ್ಳುವಂತಿರಬೇಕು. ಹೊದಿಕೆಯ ಮೇಲೆ ‘ಕಬ್ಬಿನ ಬೆಲ್ಲ’ ಎಂದು ಸಿಂಹಳ, ತಮಿಳು, ಇಂಗ್ಲಿಷ್ ಮೂರರಲ್ಲೂ ಬರೆದಿರುವುದು ಲೇಸು. ನಮ್ಮದನ್ನು ಕಿತುಲ್ ಬೆಲ್ಲವೆಂದು ನಂಬಿಸಿ ಮಾರುವವನ ಕೈಗೆ ಸರಕನ್ನು ಕೊಡಲೇಬಾರದು.

ಮೂರನೆಯದು ಗುಣ. ಬಡವರ ಪೇಟೆಗೆ ಎರಡನೆಯ ದರ್ಜೆಯ ಮಾಲು ಸಾಕೆಂಬ ಎಣಿಕೆ ವ್ಯಾಪಾರಕ್ಕೂ ಒಳ್ಳೆಯದಲ್ಲ, ಧರ್ಮಕ್ಕೂ ಒಳ್ಳೆಯದಲ್ಲ. ಶ್ರೀಮಂತನಿಗೆ ಒಂದು ಅಚ್ಚು ಕೆಟ್ಟರೆ ಬಿಸಾಡಿ ಬೇರೊಂದು ತಂದಾನು; ಬಡವನಿಗೆ ಕೆಟ್ಟರೆ ಅವನ ಹಬ್ಬವೇ ಕೆಟ್ಟಿತು, ಮತ್ತೆ ಆ ಹೆಸರಿನ ಬೆಲ್ಲವನ್ನು ಅವನು ಮುಟ್ಟುವುದಿಲ್ಲ. ಪಾಕಕ್ಕೆ ಹೈಡ್ರೋಸ್ ಸುರಿದರೆ ಬೆಲ್ಲ ಹೊಳೆಯುತ್ತದೆ, ನಿಜ. ಆ ಹೊಳಪು ನಾಲ್ಕು ದಿನದ್ದು. ದಾಸ್ತಾನಿನಲ್ಲಿ ಕೆಲವು ವಾರ ಕಳೆಯುವುದರೊಳಗೆ ಬಣ್ಣ ಕಪ್ಪಾಗಿಬಿಡುತ್ತದೆ. ಗಂಧಕದ ಡೈಆಕ್ಸೈಡು ಬೆಲ್ಲದ ಹತ್ತು ಲಕ್ಷ ಭಾಗದಲ್ಲಿ 70 ಭಾಗವನ್ನು ಮೀರಬಾರದೆಂದು ನಮ್ಮ ದೇಶದ ಕಾನೂನೇ ಹೇಳುತ್ತದೆ. ಸಕ್ಕರೆ ಬೆರೆಸುವುದೂ ಇದೇ ಜಾತಿಯ ಕೆಲಸ. ನಮ್ಮ ಹಿರಿಯರು ಬೆಂಡೆಗಿಡದ ಲೋಳೆಯಿಂದ ಕಬ್ಬಿನ ಹಾಲಿನ ಕೊಳೆ ತೆಗೆಯುತ್ತಿದ್ದರು. ಅದು ಇಂದಿಗೂ ಸಲ್ಲುವ ಉಪಾಯ. ಕಡಲತೀರದ ಗಾಳಿಯಲ್ಲಿ ತೇವ ಹೆಚ್ಚು. ಹದ ತಪ್ಪಿ ಮೆತ್ತಗಾದ ಬೆಲ್ಲ ಅಲ್ಲಿ ಬೆವರಿ ಕರಗುತ್ತದೆ. ಪಾಕದ ಹದ, ಚೆನ್ನಾಗಿ ಆರಿಸುವುದು, ತೇವ ಹೋಗದ ಹೊದಿಕೆ, ಈ ಮೂರೂ ಕೂಡಿದರೆ ಸರಕು ಉಳಿದೀತು. ಮಂಡ್ಯದ ವಿ. ಸಿ. ಫಾರಂನಲ್ಲಿ ಕಬ್ಬಿನ ಸಂಶೋಧನೆ ನಡೆಯುತ್ತದೆ. ಬಲ್ಲವರನ್ನು ಕೇಳಲು ದೂರ ಹೋಗಬೇಕಾಗಿಲ್ಲ.

ನಾಲ್ಕನೆಯದು ಒಗ್ಗಟ್ಟು. ಒಂದು ಟನ್ ಕಬ್ಬಿಗೆ ಸುಮಾರು ನೂರು ಕಿಲೊ ಬೆಲ್ಲ ಬರುತ್ತದೆ. ಹಡಗಿಗೆ ಏರಿಸುವ ಚಿಕ್ಕ ಕಂಟೈನರಿಗೆ ಇಪ್ಪತ್ತು ಟನ್ ತುಂಬುವುದಾದರೆ ಇನ್ನೂರು ಟನ್ ಕಬ್ಬು ಬೇಕು. ಒಂದು ಸಣ್ಣ ಆಲೆಮನೆ ಬೇಗ ಬೇಗ ಇದನ್ನು ಒದಗಿಸಲಾರದು. ಹತ್ತು ಆಲೆಮನೆಗಳು ಕೂಡಬೇಕು. ಕೂಡಿದ ಮೇಲೆ ಹತ್ತು ಬಣ್ಣ, ಹತ್ತು ರುಚಿ ಇರಬಾರದು. ಒಂದೇ ಅಚ್ಚು, ಒಂದೇ ಹದ, ಒಂದೇ ತೂಕ. ರೈತ ಉತ್ಪಾದಕ ಕಂಪೆನಿಗಳು ಇಂಥ ಕೆಲಸಕ್ಕೆಂದೇ ಇವೆ. ರಫ್ತಿನ ಪರವಾನಗಿ ಸಂಖ್ಯೆಯನ್ನು ಹೆಸರಿಗೆ ಮಾಡಿಸಿಕೊಂಡು, 1986ರಿಂದ ಕೃಷಿ ಉತ್ಪನ್ನಗಳ ರಫ್ತನ್ನು ನೋಡಿಕೊಳ್ಳುತ್ತಿರುವ ಅಪೇಡಾ ಸಂಸ್ಥೆಯಲ್ಲಿ ನೋಂದಾಯಿಸಿಕೊಂಡರೆ ದಾರಿ ತೆರೆಯುತ್ತದೆ.

ಕೊನೆಯದು ಹಣದ ಮಾತು. ಬೆಳೆಯುತ್ತಿರುವ ದೇಶದಲ್ಲಿ ಕೊಳ್ಳುವ ವರ್ತಕ ಸತ್ಯವಂತನಾಗಿದ್ದರೂ ಅವನ ದೇಶದ ಬೊಕ್ಕಸದಲ್ಲಿ ಡಾಲರು ಇಲ್ಲದೆ ಹೋದೀತು. ವಿದೇಶಿ ಹಣ ಉಳಿಸಲು ಶ್ರೀಲಂಕಾ 2020ರಲ್ಲಿ ಅರಿಶಿನದ ಆಮದನ್ನೇ ತಡೆಯಿತು. 2022ರ ಏಪ್ರಿಲ್ 12ರಂದು ಹೊರಗಿನ ಸಾಲದ ಕಂತು ಕಟ್ಟುವುದನ್ನು ನಿಲ್ಲಿಸಿದೆನೆಂದು ಸಾರಿತು. ಅಂಥ ದಿನಗಳಲ್ಲಿ ಸಾಲಕ್ಕೆ ಸರಕು ಕಳುಹಿಸಿದವನ ಪಾಡೇನು? ಆದುದರಿಂದ ಬ್ಯಾಂಕಿನ ಲೆಟರ್ ಆಫ್ ಕ್ರೆಡಿಟ್ ಇಲ್ಲದೆ ಮೂಟೆ ಕದಲಬಾರದು. ಕೊಂಡವನಿಂದ ಹಣ ಬಾರದಿದ್ದರೆ ನಷ್ಟ ತುಂಬಿಕೊಡುವ ವಿಮೆಗಾಗಿ 1957ರಲ್ಲೇ ಸರ್ಕಾರ ಸ್ಥಾಪಿಸಿದ ಸಂಸ್ಥೆ ಇಂದು ಇ.ಸಿ.ಜಿ.ಸಿ. ಎಂಬ ಹೆಸರಿನಲ್ಲಿದೆ. ವಿಮೆಯ ಕಂತನ್ನು ದಂಡವೆಂದು ಭಾವಿಸದೆ ಸರಕಿನ ಬೆಲೆಯಲ್ಲೇ ಸೇರಿಸಿಕೊಳ್ಳಬೇಕು.

ಬಾಗಿಲು ಮುಚ್ಚುವುದು ಅತ್ತಕಡೆಯಿಂದ ಮಾತ್ರವಲ್ಲ. ನಮ್ಮ ಸರ್ಕಾರ 2022ರ ಜೂನ್ 1ರಿಂದ ಸಕ್ಕರೆಯ ರಫ್ತಿಗೆ ಮಿತಿ ಹಾಕಿತು. 2023ರ ಜುಲೈ 20ರಂದು ಬಾಸುಮತಿಯಲ್ಲದ ಬಿಳಿ ಅಕ್ಕಿಯ ರಫ್ತನ್ನು ನಿಷೇಧಿಸಿ, 2024ರ ಸೆಪ್ಟೆಂಬರಿನಲ್ಲಿ ಆ ನಿಷೇಧವನ್ನು ತೆಗೆಯಿತು. ನಮ್ಮ ಜನರ ಊಟದ ಬೆಲೆ ಏರದಿರಲೆಂಬುದು ಉದ್ದೇಶ. ಆದರೆ ನಮ್ಮ ಅಕ್ಕಿಯನ್ನು ನಂಬಿದ್ದ ಬಡ ದೇಶಗಳ ಒಲೆಗೂ ಅದರ ಬಿಸಿ ತಟ್ಟಿತು. ಆದಕಾರಣ ಇರುವ ಕಬ್ಬನ್ನೆಲ್ಲ ರಫ್ತಿಗೆ ಒಡ್ಡದೆ, ಒಂದು ಪಾಲನ್ನು ಮಾತ್ರ ಮೀಸಲಿಟ್ಟು, ಮಂಡ್ಯದ ಪೇಟೆಯ ನಂಟನ್ನು ಉಳಿಸಿಕೊಂಡಿರುವುದು ಜಾಣತನ.

ಯಲಿಯೂರಿನ ಸೀಮೆಯ ರೈತನೂ ಕೊಲಂಬೊವಿನ ಕೂಲಿಯವನೂ ಒಬ್ಬರ ಮುಖ ಒಬ್ಬರು ಕಾಣುವುದಿಲ್ಲ. ಅವರಿಬ್ಬರ ನಡುವೆ ಮಾತಾಡುವುದು ಆ ಕಾಲು ಕಿಲೊ ಬೆಲ್ಲ ಒಂದೇ. ಅದು ಆಡುವ ಮಾತು ನಿಜವಾಗಿದ್ದರೆ ಮುಂದಿನ ವರ್ಷದ ಹಬ್ಬಕ್ಕೂ ಅವನು ನಮ್ಮ ಬೆಲ್ಲವನ್ನೇ ಕೇಳಿಕೊಂಡು ಬರುತ್ತಾನೆ.